ಅಟ್ಟದಿಂದ ಇಳಿದ ಟೇಪ್ ರೆಕಾರ್ಡರು

ಹಳೆಯ ಮನೆಯ ಅಟ್ಟವೆಂದರೆ ಒಂದು ಬಗೆಯ ವಸ್ತುಸಂಗ್ರಹಾಲಯವೇ ಸರಿ. ತಳ ಸೀಳಿದ ಹಂಡೆ, ಕಾಲು ಮುರಿದ ತೊಟ್ಟಿಲು, ದಸರೆಯ ಗೊಂಬೆಗಳ ಪೆಟ್ಟಿಗೆ ಇವುಗಳ ಹಿಂದೆ, ಹಳೆಯ ಜಮಖಾನದಲ್ಲಿ ಸುತ್ತಿಟ್ಟ, ಇಬ್ಬರು ಹಿಡಿದು ಇಳಿಸಬೇಕಾದಷ್ಟು ಭಾರದ ವಸ್ತುವೊಂದು ಕೈಗೆ ತಾಕಿತೆಂದರೆ ಅದು ಸ್ಪೂಲ್ ಟೇಪ್ ರೆಕಾರ್ಡರಾಗಿರುವ ಸಂಭವವುಂಟು. ಯಡಿಯೂರು, ಜಯನಗರ, ಬಸವನಗುಡಿಗಳ ಕಡೆ ಹೆಂಚಿನ ಮನೆಗಳೂ ತಾರಸಿಯ ಮನೆಗಳೂ ಒಂದೊಂದಾಗಿ ಕೆಡವಲ್ಪಟ್ಟು ಅಂತಸ್ತಿನ ಕಟ್ಟಡಗಳು ಏಳುತ್ತಿರುವುದರಿಂದ ಅಟ್ಟಗಳು ಬರಿದಾಗುತ್ತಿವೆ. ಅಲ್ಲಿಂದ ಇಳಿದುದರಲ್ಲಿ ಬಹುಪಾಲು ಹಳೆಯ ಸಾಮಾನಿನವನ ಗಾಡಿಯನ್ನು ಸೇರುತ್ತದೆ. ಯಂತ್ರ ಹೋದರೆ ಹೋಗಲಿ ಎನ್ನಬಹುದು. ಅದರ ಜೊತೆಗೆ ರಟ್ಟಿನ ಪೆಟ್ಟಿಗೆಗಳಲ್ಲಿರುವ ಸ್ಪೂಲುಗಳೂ ಹೋಗುತ್ತವಲ್ಲ, ಅದು ಯೋಚಿಸಬೇಕಾದ ಸಂಗತಿ.

ಈ ಯಂತ್ರಗಳು ಬೆಂಗಳೂರಿನ ಮಧ್ಯಮವರ್ಗದ ಮನೆಗಳಿಗೆ ಬಂದ ಬಗೆಯೇ ಒಂದು ಕಥೆ. ೧೯೪೦ರಲ್ಲಿ ವಿಮಾನ ಕಾರ್ಖಾನೆ, ೧೯೪೮ರಲ್ಲಿ ಟೆಲಿಫೋನ್ ಕಾರ್ಖಾನೆ, ೧೯೫೩ರಲ್ಲಿ ಎಚ್.ಎಂ.ಟಿ., ೧೯೫೪ರಲ್ಲಿ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಹೀಗೆ ಒಂದಾದ ಮೇಲೊಂದು ದೊಡ್ಡ ಉದ್ಯಮ ಈ ಊರಿನಲ್ಲಿ ನೆಲೆಗೊಂಡಿತು. ಜಯನಗರದ ಬಡಾವಣೆಗೆ ಅಸ್ತಿಭಾರ ಬಿದ್ದದ್ದೂ ೧೯೪೮ರಲ್ಲಿಯೇ. ಎಂಜಿನಿಯರರು ತರಬೇತಿಗೆಂದು ಇಂಗ್ಲೆಂಡಿಗೋ ಜರ್ಮನಿಗೋ ಸ್ವಿಟ್ಜರ್ಲೆಂಡಿಗೋ ಹೋಗುತ್ತಿದ್ದರು. ಮಕ್ಕಳು ಅಮೆರಿಕಕ್ಕೆ ಓದಲು ಹೋಗುತ್ತಿದ್ದರು. ವಿದೇಶದ ಪದಾರ್ಥಗಳ ಆಮದಿನ ಮೇಲೆ ಬಿಗಿಯಾದ ಕಟ್ಟುಪಾಡುಗಳಿದ್ದ ಕಾಲ ಅದು. ಹಿಂದಿರುಗುವವರು ಹಡಗಿನ ಸಾಮಾನಿನ ನಡುವೆ ಒಂದು ಗ್ರುಂಡಿಗ್, ಒಂದು ಫಿಲಿಪ್ಸ್, ಮುಂದಿನ ವರ್ಷಗಳಲ್ಲಿ ಒಂದು ಸೋನಿ ಅಥವಾ ಅಕಾಯ್ ತಂದರೆಂದರೆ, ಬೀದಿಗೆಲ್ಲ ಅದೇ ಸುದ್ದಿ. ತಂದವರ ಮನೆಯ ಹಜಾರದಲ್ಲಿ ಸಂಜೆ ನೆಂಟರಿಷ್ಟರು ನೆರೆದು, ತಮ್ಮ ಧ್ವನಿಯನ್ನು ತಾವೇ ಮೊದಲ ಬಾರಿ ಕೇಳಿ, ‘ಇದು ನನ್ನ ಧ್ವನಿಯೇ ಅಲ್ಲ’ ಎಂದು ವಾದಿಸುವುದು ಕಟ್ಟಿಟ್ಟ ಬುತ್ತಿ.

ಆದರೆ ಸಂಗೀತದ ಹುಚ್ಚಿದ್ದ ಮನೆಗಳಿಗೆ ಇದು ಬರಿಯ ಆಟದ ಸಾಮಾನಾಗಿರಲಿಲ್ಲ. ನಿಮಿಷಕ್ಕೆ ೭೮ ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಮೂರು ನಾಲ್ಕು ನಿಮಿಷದ ಹಾಡು. ಅಷ್ಟರಲ್ಲಿ ವಿದ್ವಾಂಸರು ಪಲ್ಲವಿ, ಅನುಪಲ್ಲವಿ, ಚರಣಗಳನ್ನು ಓಡೋಡಿ ಮುಗಿಸಬೇಕಾಗಿತ್ತು. ರಾಗಾಲಾಪನೆಗೆ ಎಡೆಯೆಲ್ಲಿ? ನೆರವಲ್ಲಿಗೆ, ಸ್ವರಪ್ರಸ್ತಾರಕ್ಕೆ, ತನಿ ಆವರ್ತನಕ್ಕೆ ಹೊತ್ತೆಲ್ಲಿ? ಕಚೇರಿಯೆಂಬುದು ಮೂರು ಗಂಟೆ ಬೆಳೆದು ಅಂದೇ ಗಾಳಿಯಲ್ಲಿ ಕರಗಿಹೋಗುವ ವಸ್ತುವಾಗಿತ್ತು. ಏಳು ಅಂಗುಲದ ಸ್ಪೂಲಿನಲ್ಲಿ ೧೮೦೦ ಅಡಿ ತೆಳುವಾದ ಟೇಪನ್ನು ಸುತ್ತಿ, ಸೆಕೆಂಡಿಗೆ ಮೂರೂಮುಕ್ಕಾಲು ಅಂಗುಲದ ವೇಗದಲ್ಲಿ ಓಡಿಸಿದರೆ ಒಂದು ಕಡೆಗೆ ೯೬ ನಿಮಿಷ. ಸ್ಪೂಲನ್ನು ಮಗುಚಿ ಹಾಕಿದರೆ ಮತ್ತೂ ಅಷ್ಟೇ. ಎಂದರೆ ಮಂಗಳದವರೆಗಿನ ಇಡೀ ಕಚೇರಿ ಒಂದೇ ಸುರುಳಿಯಲ್ಲಿ ಅಡಗುತ್ತಿತ್ತು. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯವರು ೧೯೩೯ರಿಂದ ನಡೆಸಿಕೊಂಡು ಬಂದಿರುವ ರಾಮನವಮಿಯ ಕಚೇರಿಗಳಾಗಲಿ, ೧೯೦೫ರಲ್ಲಿ ಸ್ಥಾಪಿತವಾದ ಗಾಯನ ಸಮಾಜದ ಕಚೇರಿಗಳಾಗಲಿ ಯಡಿಯೂರಿನವರಿಗೆ ದೂರವೇನೂ ಅಲ್ಲ. ಹೋಗಲಾಗದವರಿಗೆ ರೇಡಿಯೋ ಇತ್ತು. ೧೯೫೨ರಲ್ಲಿ ಆರಂಭವಾದ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದ ರಾತ್ರಿ ರೇಡಿಯೋದ ಪಕ್ಕದಲ್ಲಿ ಟೇಪ್ ರೆಕಾರ್ಡರನ್ನು ಅಣಿಗೊಳಿಸಿಟ್ಟು, ಮನೆಮಂದಿಯೆಲ್ಲ ಕೆಮ್ಮದೆ ಕುಳಿತಿರುತ್ತಿದ್ದ ಮನೆಗಳುಂಟು. ೧೯೬೫ರಲ್ಲಿ ತೀರಿಕೊಂಡ ಜಿ.ಎನ್. ಬಾಲಸುಬ್ರಹ್ಮಣ್ಯಂ, ೧೯೬೭ರಲ್ಲಿ ಅಗಲಿದ ಪಿಟೀಲು ಚೌಡಯ್ಯ, ೧೯೬೮ರಲ್ಲಿ ಹೋದ ಮಧುರೈ ಮಣಿ ಅಯ್ಯರ್ ಮೊದಲಾದವರ ಪೂರ್ಣ ಕಚೇರಿಗಳು ಇಂದಿಗೂ ಕಿವಿಗೆ ಬೀಳುವುದಾದರೆ ಅದರ ಪುಣ್ಯದಲ್ಲಿ ದೊಡ್ಡ ಪಾಲು ಹೀಗೆ ಟೇಪು ಸುತ್ತಿದ ರಸಿಕರದು.

ವಿದ್ವಾಂಸರದಾದರೆ ಇನ್ನೆಲ್ಲಿಯಾದರೂ ಒಂದು ಪ್ರತಿ ಸಿಕ್ಕೀತು. ಅಜ್ಜಿಯ ಹಸೆಗೆ ಕರೆಯುವ ಹಾಡಿಗೆ, ಸೋದರತ್ತೆಯ ಆರತಿ ಹಾಡಿಗೆ, ಮಾತು ಕಲಿಯುತ್ತಿದ್ದ ಮಗುವಿನ ತೊದಲು ಶ್ಲೋಕಕ್ಕೆ ಎರಡನೆಯ ಪ್ರತಿ ಎಲ್ಲಿಯೂ ಇಲ್ಲ. ಯಾವ ಗ್ರಾಮಫೋನ್ ಕಂಪೆನಿಯೂ ಅವರ ಮನೆಬಾಗಿಲಿಗೆ ಬಂದಿರಲಿಲ್ಲ.

ಯಂತ್ರದ ಒಳಗುಟ್ಟು ಬಹು ಸರಳ. ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಲೇಪಿಸಿದ, ಕಾಲಂಗುಲ ಅಗಲದ ಪಟ್ಟಿಯೊಂದು ಎಡಗಡೆಯ ಸ್ಪೂಲಿನಿಂದ ಬಿಚ್ಚಿಕೊಂಡು ಬಲಗಡೆಯದಕ್ಕೆ ಸುತ್ತಿಕೊಳ್ಳುತ್ತದೆ. ನಡುವೆ ಉಕ್ಕಿನ ಸಣ್ಣ ಕಂಬವೊಂದು ಒಂದೇ ವೇಗದಲ್ಲಿ ತಿರುಗುತ್ತ, ರಬ್ಬರಿನ ಚಕ್ರವೊಂದರ ಒತ್ತಾಸೆಯಿಂದ ಪಟ್ಟಿಯನ್ನು ಎಳೆಯುತ್ತದೆ. ಹಾದಿಯಲ್ಲಿ ಮೊದಲು ಅಳಿಸುವ ಹೆಡ್, ಅನಂತರ ಬರೆಯುವ ಮತ್ತು ಓದುವ ಹೆಡ್. ಧ್ವನಿಯ ಏರಿಳಿತ ಅಯಸ್ಕಾಂತದ ಏರಿಳಿತವಾಗಿ ಪಟ್ಟಿಯ ಮೇಲೆ ನಿಲ್ಲುತ್ತದೆ. ಡೆನ್ಮಾರ್ಕಿನ ಪೌಲ್ಸನ್ ೧೮೯೮ರಲ್ಲಿ ಇದನ್ನೇ ಉಕ್ಕಿನ ತಂತಿಯ ಮೇಲೆ ಸಾಧಿಸಿದ್ದ. ೧೯೨೮ರಲ್ಲಿ ಜರ್ಮನಿಯ ಫ್ಲಾಯ್ಮರ್ ಕಾಗದದ ಪಟ್ಟಿಗೆ ಲೋಹದ ಪುಡಿಯನ್ನು ಅಂಟಿಸಿದ. ಸಿಗರೇಟಿನ ತುದಿಗೆ ಹೊಳೆಯುವ ಪಟ್ಟಿ ಹಚ್ಚುವ ಕಸುಬಿನಿಂದ ಅವನಿಗೆ ಈ ಉಪಾಯ ಹೊಳೆಯಿತಂತೆ. ೧೯೩೫ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ‘ಮ್ಯಾಗ್ನೆಟೊಫೋನ್’ ಕಾಣಿಸಿಕೊಂಡಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನಿಕನೊಬ್ಬ ಅದನ್ನು ಹೊತ್ತುಕೊಂಡು ಹೋದ. ಲೋಕಕ್ಕೆಲ್ಲ ಅದು ಹರಡಲು ಹೆಚ್ಚು ದಿನ ಹಿಡಿಯಲಿಲ್ಲ.

ಅಮೆರಿಕದಿಂದ ಬಂದ ಯಂತ್ರಗಳ ವಿಷಯದಲ್ಲಿ ಮಾತ್ರ ಒಂದು ತೊಡಕುಂಟು. ಹಳೆಯ ಸ್ಪೂಲುಗಳನ್ನು ಕೇಳಹೊರಟವರು ಇದನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ಅಲ್ಲಿನ ವಿದ್ಯುತ್ತು ಸೆಕೆಂಡಿಗೆ ೬೦ ಆವರ್ತದ್ದು, ನಮ್ಮದು ೫೦. ಅಲ್ಲಿನ ಒತ್ತಡ ಸುಮಾರು ೧೧೦ ವೋಲ್ಟು, ಇಲ್ಲಿಯದು ೨೩೦. ಒತ್ತಡವನ್ನು ತಗ್ಗಿಸಲು ಟ್ರಾನ್ಸ್‌ಫಾರ್ಮರ್ ಸಾಕು; ಆದರೆ ಆವರ್ತವನ್ನು ಅದು ಮುಟ್ಟುವುದಿಲ್ಲ. ವಿದ್ಯುತ್ತಿನ ಆವರ್ತಕ್ಕೆ ತಾಳ ಹಾಕುತ್ತ ತಿರುಗುವ ಮೋಟಾರು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ಓಡುತ್ತದೆ. ಆಗ ಅಮೆರಿಕದಲ್ಲಿ ಧ್ವನಿಮುದ್ರಿಸಿದ ಟೇಪು ಇಲ್ಲಿ ಮೂರು ಸ್ವರಸ್ಥಾನಗಳಷ್ಟು ಕೆಳಗಿಳಿಯುತ್ತದೆ: ಹಾರ್ಮೋನಿಯಮ್ಮಿನ ಐದನೆಯ ಬಿಳಿಯ ಮನೆಯಲ್ಲಿ ಹಾಡಿದ ಹೆಣ್ಣುಮಗಳು ಮೂರನೆಯ ಮನೆಗೆ ಇಳಿದು, ಗಂಟಲು ಕಟ್ಟಿದವಳಂತೆ ಕೇಳಿಸುತ್ತಾಳೆ. ಇಲ್ಲಿಯೇ ಮುದ್ರಿಸಿ, ಅದೇ ಯಂತ್ರದಲ್ಲಿ ಕೇಳಿದವರಿಗೆ ದೋಷ ತಿಳಿಯುವುದೇ ಇಲ್ಲ. ಬರೆದದ್ದೂ ನಿಧಾನ, ಓದಿದ್ದೂ ನಿಧಾನ. ಹಲವು ದಶಕಗಳಾದ ಮೇಲೆ ಅದೇ ಸ್ಪೂಲನ್ನು ಸರಿಯಾದ ವೇಗದ ಬೇರೊಂದು ಯಂತ್ರಕ್ಕೆ ಏರಿಸಿದಾಗ ಗುಟ್ಟು ಬಯಲಾಗುತ್ತದೆ. ಒಂದು ಗಂಟೆಯ ಕಚೇರಿ ಐವತ್ತೇ ನಿಮಿಷದಲ್ಲಿ ಮುಗಿಯುತ್ತದೆ. ಗಂಭೀರವಾಗಿ ಹಾಡಿದ ಅಜ್ಜಿಯ ಕಂಠ ಹುಡುಗಿಯದಾಗುತ್ತದೆ. ಮೃದಂಗ ತಬ್ಬಿಬ್ಬಾಗಿ ಓಡುತ್ತದೆ. ಇದಕ್ಕೆ ಯಂತ್ರವನ್ನು ದೂರಬೇಕಾಗಿಲ್ಲ. ತಂಬೂರಿಯ ಶ್ರುತಿಯನ್ನು ಹಿಡಿದು, ಹಾಡಿದವರ ಶ್ರುತಿ ಯಾವುದೆಂದು ಬಲ್ಲವರನ್ನು ಕೇಳಿ, ವೇಗವನ್ನು ಸರಿಪಡಿಸಿಕೊಳ್ಳಬಹುದು. ಕೆಲವು ಯಂತ್ರಗಳಲ್ಲಿ ೫೦ಕ್ಕೊಂದು, ೬೦ಕ್ಕೊಂದು ಅಳತೆಯ ಚಿಕ್ಕ ಗಾಲಿಯನ್ನು ಬದಲಾಯಿಸುವ ಏರ್ಪಾಡೇ ಇರುತ್ತಿತ್ತು. ತಂದವರಿಗೆ ಅದನ್ನು ಬದಲಾಯಿಸಲು ನೆನಪಿರುತ್ತಿತ್ತೋ ಇಲ್ಲವೋ ಎಂಬುದು ಬೇರೆ ಮಾತು.

ಈಗ ಯಂತ್ರ ಇಳಿಯಿತೆನ್ನೋಣ. ಧೂಳೊರೆಸಿದೊಡನೆ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ಚು ಒತ್ತುವುದು ಎಲ್ಲರಿಗೂ ಬರುವ ಆಸೆ; ಯಂತ್ರ ಸುಟ್ಟುಹೋಗುವುದೂ ಅದರಿಂದಲೇ. ನಲವತ್ತು ಐವತ್ತು ವರ್ಷ ನಿದ್ರೆಯಲ್ಲಿದ್ದ ಕೆಪಾಸಿಟರುಗಳು ಒಮ್ಮೆಲೇ ೨೩೦ ವೋಲ್ಟನ್ನು ತಾಳಲಾರವು. ವಿದ್ಯುತ್ತಿನ ಒತ್ತಡವನ್ನು ಮೆಲ್ಲಗೆ ಏರಿಸುವ ಉಪಕರಣ ಉಳ್ಳ, ವಾಲ್ವಿನ ಕಾಲದ ಕೆಲಸ ಬಲ್ಲ ರಿಪೇರಿಯವರನ್ನು ಹುಡುಕುವುದು ಲೇಸು. ರಬ್ಬರಿನ ಬೆಲ್ಟು ಡಾಂಬರಿನಂತೆ ಕರಗಿರುತ್ತದೆ ಅಥವಾ ಒಣಗಿದ ಹುಣಿಸೆಸಿಪ್ಪೆಯಂತೆ ಮುರಿಯುತ್ತದೆ. ಹಾಕಿದ್ದ ಗ್ರೀಸು ಅಂಟಾಗಿ ಗಟ್ಟಿಯಾಗಿರುತ್ತದೆ. ಬಿಡಿಭಾಗಗಳಿಗೆ ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯೇ ಗತಿ. ಒಂದು ಅಂಗಡಿಯಲ್ಲಿ ‘ಇಲ್ಲ’ ಎಂದರೆ ಹತ್ತನೆಯದರಲ್ಲಿ ಹಳೆಯ ಡಬ್ಬಿಯೊಂದರಿಂದ ಅದು ಹೊರಬರುವುದುಂಟು. ಜಾಲಹಳ್ಳಿಯಲ್ಲಿ ಒಂದು ಕಾಲಕ್ಕೆ ರೇಡಿಯೋ ವಾಲ್ವುಗಳು ತಯಾರಾಗುತ್ತಿದ್ದುದರಿಂದ, ಈ ಊರಿನ ಹಳೆಯ ದಾಸ್ತಾನಿನಲ್ಲಿ ಅವು ಇನ್ನೂ ಅಲ್ಲೊಂದು ಇಲ್ಲೊಂದು ಸಿಗುವ ಸೌಭಾಗ್ಯವೂ ಇದೆ.

ಮನೆಯವರೇ ಮಾಡಬಹುದಾದ ಕೆಲಸ ಹೆಡ್ಡುಗಳ ಶುದ್ಧಿ. ಹತ್ತಿ ಸುತ್ತಿದ ಕಡ್ಡಿಯನ್ನು ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಹೆಡ್ಡಿನ ಮೇಲಿನ ಕಂದು ಧೂಳನ್ನು ಮೆಲ್ಲಗೆ ಒರೆಸಿದರೆ, ಮಂಕಾಗಿದ್ದ ಧ್ವನಿ ಒಮ್ಮೆಲೇ ನಿಚ್ಚಳವಾಗುತ್ತದೆ. ರಬ್ಬರ್ ಚಕ್ರಕ್ಕೆ ತೆಳುವಾದ ಸೋಪಿನ ನೀರು ಸಾಕು. ಸೀಮೆಎಣ್ಣೆ, ಕೊಬ್ಬರಿ ಎಣ್ಣೆಗಳನ್ನು ಹತ್ತಿರ ಸೇರಿಸಕೂಡದು. ಮನೆಯಲ್ಲಿ ಎಲ್ಲದಕ್ಕೂ ಕೊಬ್ಬರಿ ಎಣ್ಣೆಯೇ ಮದ್ದೆಂದು ನಂಬಿದವರಿರುವುದರಿಂದ ಈ ಮಾತನ್ನು ಹೇಳಬೇಕಾಗಿದೆ.

ಟೇಪಿನಲ್ಲಿಯೂ ಜಾತಿಗಳುಂಟು. ಸ್ಪೂಲನ್ನು ಬೆಳಕಿಗೆ ಹಿಡಿದಾಗ ಸುರುಳಿಯ ಮೂಲಕ ಬೆಳಕು ತೋರಿದರೆ ಅದು ಅಸಿಟೇಟಿನದು, ತೋರದಿದ್ದರೆ ಪಾಲಿಯೆಸ್ಟರಿನದು. ಅಸಿಟೇಟ್ ವಯಸ್ಸಾದಂತೆ ಒಣಗಿ ತಟ್ಟನೆ ತುಂಡಾಗುತ್ತದೆ. ಆದರೆ ತುಂಡು ನೇರವಾಗಿರುವುದರಿಂದ ಜೋಡಿಸಿದರೆ ಒಂದು ಅಕ್ಷರವೂ ನಷ್ಟವಾಗದು. ಪಾಲಿಯೆಸ್ಟರ್ ಗಟ್ಟಿ, ಎಳೆದರೆ ಹರಿಯುವ ಮುನ್ನ ಹಿಗ್ಗುತ್ತದೆ, ಹಿಗ್ಗಿದ ಕಡೆ ಸ್ವರ ವಕ್ರವಾಗುತ್ತದೆ. ಪೆಟ್ಟಿಗೆ ತೆರೆದೊಡನೆ ಹುಳಿ ವಾಸನೆ, ವಿನಿಗರಿನ ವಾಸನೆ ಮೂಗಿಗೆ ಬಡಿದರೆ ಅಸಿಟೇಟಿಗೆ ರೋಗ ತಗಲಿದೆಯೆಂದು ತಿಳಿದು, ಅದನ್ನು ಉಳಿದವುಗಳಿಂದ ಬೇರ್ಪಡಿಸಿ, ಅದರ ಪ್ರತಿಯನ್ನೇ ಮೊದಲು ಮಾಡಿಸಬೇಕು. ೧೯೭೦ರ ದಶಕದ ನಡುವಿನಿಂದ ಬಂದ ಕೆಲವು ಜಾತಿಯ ಟೇಪುಗಳ ಅಂಟು ತೇವವನ್ನು ಹೀರಿ ಜಿಗುಟಾಗುತ್ತದೆ. ಹೆಡ್ಡಿಗೆ ಅಂಟಿ ಕಿರುಗುಟ್ಟುತ್ತದೆ. ಅದಕ್ಕೆ ತಜ್ಞರು ಸುಮಾರು ೫೦ರಿಂದ ೫೫ ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಗುಣಪಡಿಸುವುದುಂಟು. ಹಾಗೆಂದು ಹಪ್ಪಳ ಹರವಿದಂತೆ ತಾರಸಿಯ ಬಿಸಿಲಿಗೆ ಹರವಿದರೆ ಇದ್ದದ್ದೂ ಹೋದೀತು. ಅಸಿಟೇಟಿಗಂತೂ ಈ ಚಿಕಿತ್ಸೆ ವಿಷಪ್ರಾಯ. ಕಡಲತಡಿಯ ಊರುಗಳಿಗೆ ಹೋಲಿಸಿದರೆ ಬೆಂಗಳೂರಿನ ಹವೆ ಟೇಪುಗಳಿಗೆ ಉಪಕಾರಿಯೇ. ಮಳೆಗಾಲದಲ್ಲಿ ಸೋರುವ ಅಟ್ಟದ ಮೂಲೆಗೆ ಮಾತ್ರ ಈ ಹೊಗಳಿಕೆ ಸಲ್ಲದು.

ಎಲ್ಲಕ್ಕಿಂತ ದೊಡ್ಡ ಅಪಾಯ ಮನುಷ್ಯರ ಬೆರಳಿನಲ್ಲಿದೆ. ಮುಂದೆ ಬಂದ ಕ್ಯಾಸೆಟ್ಟಿಗೆ, ಮುರಿದು ತೆಗೆದರೆ ಮೇಲೆ ಬರೆಯಲಾಗದಂತೆ ತಡೆಯುವ ಪುಟ್ಟ ಹಲ್ಲಿತ್ತು. ಸ್ಪೂಲಿಗೆ ಅಂಥ ರಕ್ಷಣೆಯಿಲ್ಲ. ಬರೆಯುವ ಗುಂಡಿಯೊಂದು ಒತ್ತಲ್ಪಟ್ಟರೆ ಅಳಿಸುವ ಹೆಡ್ ಮುಂದೆ ನಿಂತು, ಹಾದುಹೋದದ್ದನ್ನೆಲ್ಲ ಸವರಿಬಿಡುತ್ತದೆ. ಟೇಪು ದುಬಾರಿಯಾಗಿದ್ದ ದಿನಗಳಲ್ಲಿ ತಿಳಿದೂ ತಿಳಿದೂ ಹಾಗೆ ಮಾಡಿದವರುಂಟು. ಅಮ್ಮನ ಹಾಡಿನ ಮೇಲೆ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ, ಅದರ ಮೇಲೆ ಕ್ರಿಕೆಟ್ಟಿನ ವೀಕ್ಷಕ ವಿವರಣೆ. ಆಗಿನವರನ್ನು ಈಗ ದೂಷಿಸಿ ಫಲವಿಲ್ಲ. ಅಮ್ಮ ಪಕ್ಕದ ಕೋಣೆಯಲ್ಲಿಯೇ ಇದ್ದರು, ಬೇಕೆಂದಾಗ ಹಾಡುತ್ತಿದ್ದರು.

ಆದುದರಿಂದ ಮೊದಲ ಬಾರಿ ಕೇಳುವಾಗಲೇ ಕಂಪ್ಯೂಟರಿಗೆ ಜೋಡಿಸಿ ಪ್ರತಿ ಮಾಡಿಕೊಳ್ಳುವುದು ಜಾಣತನ. ಶಿಥಿಲವಾದ ಟೇಪು ಎರಡನೆಯ ಓಟಕ್ಕೆ ಉಳಿಯುವುದೆಂಬ ಭರವಸೆಯಿಲ್ಲ. ಸೆಕೆಂಡಿಗೆ ೯೬ ಸಾವಿರ ಮಾದರಿ, ೨೪ ಬಿಟ್ಟಿನ ಅಳತೆಯಲ್ಲಿ, ಸಂಕೋಚಿಸದ ಕಡತವಾಗಿ ಇಡುವುದು ಸಂಗ್ರಹಾಲಯಗಳ ಪದ್ಧತಿ; ಮನೆಯವರೂ ಅದನ್ನೇ ಅನುಸರಿಸಿದರೆ ನಷ್ಟವೇನಿಲ್ಲ. ಗುಜುಗುಜು ಸದ್ದನ್ನು ತೆಗೆಯುವ ಉತ್ಸಾಹವನ್ನು ಎರಡನೆಯ ಪ್ರತಿಯ ಮೇಲೆ ತೋರಿಸಲಿ, ಮೊದಲನೆಯದನ್ನು ಇದ್ದಂತೆಯೇ ಬಿಡಲಿ. ಯುನೆಸ್ಕೋ ಹಾಗೂ ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಸೇರಿ ೨೦೧೯ರಲ್ಲಿಯೇ ಈ ಬಗ್ಗೆ ಎಚ್ಚರಿಕೆಯನ್ನು ಹೊರಡಿಸಿದ್ದವು: ೨೦೨೫ರ ಹೊತ್ತಿಗೆ ಟೇಪು ಉಳಿದಿದ್ದರೂ ಅದನ್ನು ಓದುವ ಯಂತ್ರವೂ ಅದನ್ನು ರಿಪೇರಿ ಮಾಡುವ ಕೈಯೂ ದುರ್ಲಭವಾಗುವುವು ಎಂದು.

ಹಾಗೆಂದು ಯಂತ್ರವನ್ನು ನಿತ್ಯದ ಬಳಕೆಗೆ ಇಟ್ಟುಕೊಂಡವರನ್ನು ಹುಚ್ಚರೆನ್ನಬೇಕಾಗಿಲ್ಲ. ಫ್ರಾನ್ಸಿನಲ್ಲಿಯೂ ಅಮೆರಿಕದಲ್ಲಿಯೂ ಹೊಸ ಟೇಪು ಇಂದಿಗೂ ತಯಾರಾಗುತ್ತದೆ. ಬೆಲೆ ಮಾತ್ರ ಕೇಳಿದವರು ಕುಳಿತುಕೊಂಡು ಕೇಳುವುದು ಒಳ್ಳೆಯದು. ಸ್ಪೂಲಿನ ಧ್ವನಿಯ ಮುಂದೆ ಬೇರೆಲ್ಲ ಕಸವೆನ್ನುವ ಅಭಿಮಾನಿಗಳ ಮಾತು ಸ್ವಲ್ಪ ಅತಿಯಾಯಿತು. ಹಿನ್ನೆಲೆಯ ಹಿಸ್ ಸದ್ದು ಇದ್ದೇ ಇರುತ್ತದೆ. ಆದರೆ ವಾಲ್ವು ಕಾಯುವವರೆಗೆ ಅರ್ಧ ನಿಮಿಷ ಕಾದು, ಹಸಿರು ಕಣ್ಣು ಮಿನುಗಿದ ಮೇಲೆ ಪಟ್ಟಿಯನ್ನು ಕೈಯಾರೆ ಪೋಣಿಸಿ ಕೂರುವವರಿಗೆ ಕೇಳುವ ಸಹನೆ ತಾನಾಗಿ ಬರುತ್ತದೆ. ‘ತಾತ, ಮುಂದಕ್ಕೆ ಓಡಿಸಿ, ಹಾಡು ಬರಲಿ’ ಎಂದು ಮೊಮ್ಮಗ ಪೀಡಿಸಿದರೆ, ‘ಓಡಿಸಿದರೆ ಟೇಪು ಹರಿಯುತ್ತೆ ಮರಿ, ಆಲಾಪನೆ ಮುಗೀಲಿ’ ಎನ್ನಲು ತಾತನಿಗೆ ಒಂದು ಒಳ್ಳೆಯ ನೆಪವೂ ಸಿಕ್ಕಂತಾಗುತ್ತದೆ.

ಕೇಳಿ ಮುಗಿದ ಸ್ಪೂಲನ್ನು ರಭಸದಿಂದ ಹಿಂದಕ್ಕೆ ಸುತ್ತದೆ, ಬಾಲ ಹೊರಗಿರುವಂತೆಯೇ ಬಿಟ್ಟು, ಪುಸ್ತಕದಂತೆ ನಿಲ್ಲಿಸಿ ಇಡಬೇಕು. ಲೌಡ್‌ಸ್ಪೀಕರಿನ ಅಯಸ್ಕಾಂತದ ಬಳಿ ಇಡಲೇಬಾರದು. ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಎಲ್ಲ ಸಲವೂ ನಂಬುವಂತಿಲ್ಲ. ‘ಪಾರ್ವತಿ ಕಲ್ಯಾಣ’ ಎಂದಿರುವುದು ರಾಗಮಾಲಿಕೆಯೋ ನೆಂಟರ ಮದುವೆಯೋ ಕೇಳಿದ ಮೇಲೆಯೇ ತಿಳಿಯುತ್ತದೆ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಡುವೆ ಕೆಮ್ಮಿದವರು ಯಾರು, ‘ಕಾಫಿ ತರಲೇ’ ಎಂದವರು ಯಾರು, ಅಂದಿನ ಮಗು ಈಗ ಯಾವ ಊರಿನಲ್ಲಿದೆ ಎಂಬುದನ್ನೆಲ್ಲ ಕೇಳಿ, ನಿಮಿಷದ ಲೆಕ್ಕದೊಡನೆ ಒಂದು ನೋಟುಬುಕ್ಕಿನಲ್ಲಿ ಸೀಸದಕಡ್ಡಿಯಿಂದ ಬರೆದು, ಅದರದೊಂದು ಹಾಳೆಯನ್ನು ಪೆಟ್ಟಿಗೆಯೊಳಗೂ ಇಡಬೇಕು. ಈ ಕೆಲಸಕ್ಕೆ ಒಂದು ಭಾನುವಾರ ಸಾಲದು.