ವೇಗಕ್ಕೂ ಒಂದು ಕರೆ ಬೇಕು

ಕೇರಳದ ಮಲೆನಾಡು ಹೆದ್ದಾರಿ ಉತ್ತರದಲ್ಲಿ ಆರಂಭವಾಗುವುದು ಕರ್ನಾಟಕದ ಗಡಿಗೆ ತಾಗಿಕೊಂಡಿರುವ, ವರ್ಕಾಡಿ ಪರಿಸರದ ನಂದಾರಪದವಿನಲ್ಲಿ. ಪಶ್ಚಿಮಕ್ಕೆ ಹೊರಳಿದರೆ ರಾಷ್ಟ್ರೀಯ ಹೆದ್ದಾರಿ 66 ಸಿಗುತ್ತದೆ. ತಲಪಾಡಿಯಿಂದ ಚೆಂಗಳದವರೆಗಿನ ಅದರ 39 ಕಿ.ಮೀ. ಹಾದಿ ಆರು ಪಥಗಳಿಗೆ ಅಗಲಗೊಂಡಿದೆ. ಒಂದು ತಲೆಮಾರಿನ ಹಿಂದೆ ಜೀಪುಗಳು ಏದುಸಿರು ಬಿಡುತ್ತ ಏರುತ್ತಿದ್ದ ಈ ಸೀಮೆಯ ಯುವಕರ ಕೈಗೆ ಇಂದು ಟರ್ಬೊ ಎಂಜಿನ್ನಿನ ಕಾರು ಬಂದಿದೆ, ಚಕ್ರದಡಿಗೆ ನುಣುಪಾದ ಡಾಂಬರು ಬಂದಿದೆ. ಇವೆರಡೂ ಕೂಡಿದಲ್ಲಿ ‘ಯಾರು ಮುಂದೆ?’ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಆ ಪ್ರಶ್ನೆ ತಪ್ಪಲ್ಲ. ಅದನ್ನು ಕೇಳುವ ಜಾಗ ತಪ್ಪಾಗಿದೆ.

ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಕಾಲು ಮೈಲಿ, ಎಂದರೆ 402 ಮೀಟರು, ಯಾರು ಮೊದಲು ಮುಟ್ಟುತ್ತಾರೆ ಎಂಬುದೇ ಡ್ರ್ಯಾಗ್ ರೇಸ್. ಅದಕ್ಕೆ ಕೋಟಿ ಬೆಲೆಯ ವಾಹನ ಬೇಕಾಗಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಒಂದು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ ಸುಮಾರು 110ರಿಂದ 120 ಅಶ್ವಶಕ್ತಿ ಕೊಡುತ್ತದೆ. ಹೊರಹೋಗುವ ಹೊಗೆಯ ರಭಸದಿಂದಲೇ ಸಣ್ಣದೊಂದು ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗುತ್ತದೆ. ಅದರ ಜೊತೆಗಾರ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿನೊಳಕ್ಕೆ ನೂಕುತ್ತದೆ. ಗಾಳಿ ಹೆಚ್ಚಿದಷ್ಟೂ ಇಂಧನ ಹೆಚ್ಚು ಉರಿಯಬಹುದು, ಬಲವೂ ಹೆಚ್ಚಬಹುದು. ಆ ಒತ್ತಡದ ಮಿತಿಯನ್ನು ಕಾಯುವುದು ಎಂಜಿನ್ನಿನ ಗಣಕ. ಅದರ ಲೆಕ್ಕವನ್ನು ತಿದ್ದಿ, ಏರ್ ಫಿಲ್ಟರನ್ನೂ ಸೈಲೆನ್ಸರನ್ನೂ ಬದಲಿಸಿದರೆ ಅದೇ ಕಾರು ಇನ್ನಷ್ಟು ಬಿರುಸಾಗುತ್ತದೆ. ಇಷ್ಟೇ ಮಾರ್ಪಾಡಿನ ಹಿಂದೆಯೂ ಉಷ್ಣ, ಒತ್ತಡ, ಇಂಧನದ ಗುಣ ಇವುಗಳ ಸೂಕ್ಷ್ಮ ತಿಳಿವು ಬೇಕು. ಅದನ್ನು ಕೈಯಿಂದ ಕಲಿತ ಗ್ಯಾರೇಜಿನ ಹುಡುಗನನ್ನು ‘ಪೋಕರಿ’ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ.

ಆದರೆ ಹೆಚ್ಚಾಗುವುದು ಬಲವೊಂದೇ. ಬ್ರೇಕು ಹಳೆಯದೇ, ಟೈರು ಹಳೆಯದೇ. ಇಂತಹ ಕಾರು ಕಾಲು ಮೈಲಿಯ ಕೊನೆಯಲ್ಲಿ ಗಂಟೆಗೆ 130 ಕಿ.ಮೀ. ವೇಗವನ್ನು ಮುಟ್ಟಬಲ್ಲದು. ಆ ವೇಗದಲ್ಲಿ ಒಂದು ಸೆಕೆಂಡಿಗೆ 36 ಮೀಟರು ದಾರಿ ಸರಿದುಹೋಗುತ್ತದೆ. ಕಣ್ಣು ಕಂಡು ಕಾಲು ಬ್ರೇಕಿಗೆ ಇಳಿಯುವಷ್ಟರಲ್ಲೇ ಆ 36 ಮೀಟರು ಮುಗಿದಿರುತ್ತದೆ. ಅನಂತರ ಒಣ ರಸ್ತೆಯಲ್ಲಿಯೂ ಕಾರು ನಿಲ್ಲಲು ಮತ್ತೆ ತೊಂಬತ್ತು ಮೀಟರಿನಷ್ಟು ದಾರಿ ಬೇಕು. ವೇಗ ಇಮ್ಮಡಿಸಿದರೆ ತಡೆಯಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆಂಬುದು ಶಾಲೆಯ ಭೌತಶಾಸ್ತ್ರದ ಪಾಠ. ವರ್ಕಾಡಿಯಂತಹ ಊರಿನ ರಸ್ತೆಯಲ್ಲಿ ಆ ದಾರಿ ಖಾಲಿಯಾಗಿ ಬಿದ್ದಿರುವುದಿಲ್ಲ. ನಸುಕಿನಲ್ಲಿ ಸೊಸೈಟಿಗೆ ಹಾಲು ಒಯ್ಯುವವರು, ಮದರಸಕ್ಕೆ ಹೊರಟ ಮಕ್ಕಳು, ಭಾನುವಾರ ಇಗರ್ಜಿಗೆ ನಡೆವವರು, ರಾತ್ರಿ ಬಯಲಾಟ ಮುಗಿಸಿ ಮರಳುವವರು ಅದೇ ಅಂಚಿನಲ್ಲಿದ್ದಾರೆ. ಪಂದ್ಯಕ್ಕೆ ಒಪ್ಪಿದವರು ಇಬ್ಬರು. ಅದರ ಅಪಾಯಕ್ಕೆ ಪಾಲುದಾರರಾಗುವವರು ಒಪ್ಪಿಗೆ ಕೊಡದ ಊರವರು.

ಈ ಸೀಮೆ ವೇಗವನ್ನು ಅರಿಯದ ಸೀಮೆಯಲ್ಲ. ಮಂಜೇಶ್ವರ ತಾಲೂಕಿನ ಪೈವಳಿಕೆಯ ಅಣ್ಣ-ತಮ್ಮ ಜೋಡುಕರೆ ಕಂಬಳದ ಹೆಸರನ್ನು ಕೇಳದವರು ಇಲ್ಲಿ ಕಡಿಮೆ. ಕಂಬಳವೂ ನೇರ ದಾರಿಯ ಓಟವೇ. ಜೋಡಿ ಪಥಗಳಲ್ಲಿ ನಿಂತಲ್ಲಿಂದ ಹೊರಡುವ ಸ್ಪರ್ಧೆಯೇ. ಕೋಣಗಳು ಹೊರಡುವ ಕಡೆ ಗಂತು, ಓಡುವ ಕೆಸರಿನ ಪಥ ಕರೆ, ಮುಟ್ಟುವ ಕಡೆ ಮಂಜೊಟ್ಟಿ. ಮಂಜೊಟ್ಟಿ ಬರಿಯ ಗೆರೆಯಲ್ಲ. ಅದು ಏರಿಳಿಜಾರಿನ ದಿಬ್ಬ. ಓಡಿ ಬಂದ ಕೋಣಗಳ ರಭಸವನ್ನು ಆ ಏರು ಕುಗ್ಗಿಸುತ್ತದೆ; ಹಿಡಿದು ನಿಲ್ಲಿಸುವವರು ಅಲ್ಲಿ ಕಾದಿರುತ್ತಾರೆ. ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಿರುವುದರಿಂದ ಸಮಬಲರೊಡನೆಯೇ ಸ್ಪರ್ಧೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿ ನಾಡಿನ ಮಾತಾದರು. ಅಳತೆಯ ಕರೆಯೂ ಅಳೆಯುವ ಗಡಿಯಾರವೂ ಇದ್ದುದರಿಂದಲೇ ಆ ಓಟಕ್ಕೆ ಲೆಕ್ಕ ಸಿಕ್ಕಿತು, ಓಟಗಾರನಿಗೆ ಮರ್ಯಾದೆ ಸಿಕ್ಕಿತು. ನುಡಿಯ ವಿದ್ಯಾರ್ಥಿಗಳು ಗಮನಿಸಬೇಕಾದುದು ಇದು: ಗಂತು, ಕರೆ, ಮಂಜೊಟ್ಟಿ ಎಂಬ ಮೂರು ಮಾತುಗಳೂ ವೇಗದ ಎಲ್ಲೆಯನ್ನು ಹೇಳುವ ಮಾತುಗಳು. ರಸ್ತೆಯ ಪಂದ್ಯಕ್ಕೆ ಊರಿನಲ್ಲಿ ಬೈಗುಳವಿದೆ. ಎಲ್ಲೆ ಹೇಳುವ ಒಂದು ಪದವೂ ಇಲ್ಲ.

ಬೇರೆ ನಾಡುಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಯುವಕರು ಹಳೆಯ ಕಾರುಗಳನ್ನು ತಿದ್ದಿ ಬೀದಿಗಳಲ್ಲಿ ಓಡಿಸತೊಡಗಿದರು. 1951ರಲ್ಲಿ ವ್ಯಾಲಿ ಪಾರ್ಕ್ಸ್ ‘ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್’ ಸ್ಥಾಪಿಸಿದ್ದು ಆ ಓಟವನ್ನು ಬೀದಿಯಿಂದ ತೆಗೆದು ನಿಯಮದೊಳಕ್ಕೆ ತರುವುದಕ್ಕಾಗಿ. 1953ರಲ್ಲಿ ಅದರ ಮೊದಲ ಅಧಿಕೃತ ಸ್ಪರ್ಧೆ ಪೊಮೋನಾದ ಜಾತ್ರೆ ಮೈದಾನದ ವಾಹನ ನಿಲ್ದಾಣದಲ್ಲಿ ನಡೆಯಿತು. 1955ರ ಮೊದಲ ರಾಷ್ಟ್ರೀಯ ಕೂಟ ಕಾನ್ಸಾಸಿನ ವಿಮಾನ ಓಡುದಾರಿಯೊಂದರಲ್ಲಿ ನಡೆಯಿತು. ಭಾರತದಲ್ಲಿಯೂ ಬೆಂಗಳೂರಿನ ಜಕ್ಕೂರು, ಲೋಣಾವಳ ಬಳಿಯ ಆಂಬಿ ವ್ಯಾಲಿಯ ಓಡುದಾರಿಗಳಲ್ಲಿ ಇಂತಹ ಕೂಟಗಳು ನಡೆದಿವೆ. ಹಾಗಾಗಿ ಕೋಟ್ಯಂತರ ರೂಪಾಯಿಯ ಶಾಶ್ವತ ಟ್ರ್ಯಾಕು ಮೊದಲ ಅಗತ್ಯವಲ್ಲ. ನೇರವಾದ ಒಂದು ಹಾದಿ, ಅದರ ಮುಂದೆ ನಿಲ್ಲಲು ಇನ್ನೂ ಉದ್ದದ ಹಾದಿ, ಬೇಲಿ, ವಾಹನ ತಪಾಸಣೆ, ಹೆಲ್ಮೆಟ್, ಆಂಬುಲೆನ್ಸ್ ಇಷ್ಟು ಬೇಕು.

ಕಾನೂನು ಕೂಡ ಈ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 189ನೆಯ ಕಲಮು ನಿಷೇಧಿಸುವುದು ರಾಜ್ಯ ಸರಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ನಡೆಸುವ ಓಟವನ್ನು. 2019ರ ತಿದ್ದುಪಡಿಯ ಬಳಿಕ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಮಾರ್ಪಾಡಿನ ವಿಷಯದಲ್ಲಿ 52ನೆಯ ಕಲಮಿದೆ. ಕೇರಳದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿ ವ್ಯಾಖ್ಯಾನಿಸಿತು. ಶಿಕ್ಷೆಯ ಭಾಗವನ್ನು ಎಲ್ಲರೂ ನೆನಪಿಡುತ್ತಾರೆ. ‘ಲಿಖಿತ ಒಪ್ಪಿಗೆ’ ಎಂಬ ಎರಡು ಪದಗಳನ್ನು ಕೈಗೆತ್ತಿಕೊಂಡು ಅರ್ಜಿ ಬರೆಯುವವರು ಬೇಕಾಗಿದ್ದಾರೆ.

ಕರೆ ಮಾಡಿಕೊಟ್ಟರೆ ಹುಚ್ಚು ಹೆಚ್ಚಾಗದೆ ಎಂದು ಹಿರಿಯರು ಕೇಳಬಹುದು. ಆ ಭಯ ಹುರುಳಿಲ್ಲದ್ದಲ್ಲ. ಮೈದಾನದಲ್ಲಿ ಗೆದ್ದವನು ರಸ್ತೆಯಲ್ಲೂ ಮೆರೆಯಬಹುದು. ಆದರೆ ಕರೆಯೊಂದು ಇದ್ದಲ್ಲಿ ರಸ್ತೆಯ ಗೆಲುವಿಗೆ ಬೆಲೆ ಇಳಿಯುತ್ತದೆ. ಗಡಿಯಾರದ ಮುಂದೆ ನಿಲ್ಲದವನ ಬಡಾಯಿಯನ್ನು ಗೆಳೆಯರೇ ನಂಬುವುದಿಲ್ಲ. ಕಂಬಳಕ್ಕೆ ಭಕ್ತಿಯ, ಬೇಸಾಯದ ಹಿನ್ನೆಲೆಯಿದೆ, ಕಾರಿಗೆ ಏನಿದೆ ಎಂಬ ಮಾತೂ ಬರುತ್ತದೆ. ಇಲ್ಲಿ ಹೋಲಿಕೆ ಪಾವಿತ್ರ್ಯದ್ದಲ್ಲ, ಎಲ್ಲೆಯದು. ಕೋಣಗಳ ಕ್ಷೇಮದ ಪ್ರಶ್ನೆ ನ್ಯಾಯಾಲಯಕ್ಕೆ ಹೋದ ಮೇಲೆ ಕಂಬಳವೂ ತನ್ನ ನಿಯಮಗಳನ್ನು ತಿದ್ದಿಕೊಳ್ಳಬೇಕಾಯಿತು. ಆಟವೊಂದು ಊರಿನ ನಡುವೆ ಬಾಳಬೇಕಾದರೆ ಊರಿನ ಪ್ರಶ್ನೆಗೆ ಉತ್ತರ ಕೊಡಲೇಬೇಕು.

ಅಲ್ಲಿಯವರೆಗೆ ಯುವಕರ ಹೊಣೆಯೂ ಸ್ಪಷ್ಟವಾಗಿದೆ. ಒಪ್ಪಿಗೆಯ ಕಾಗದ ಕೈಸೇರುವ ಮುನ್ನ ಹೆದ್ದಾರಿಯಲ್ಲಿ ಪಂದ್ಯ ಕಟ್ಟುವವನು ತನ್ನ ಆಟಕ್ಕೇ ದ್ರೋಹ ಬಗೆಯುತ್ತಾನೆ. ಅವನ ಒಂದು ಅಪಘಾತ ಹತ್ತು ವರ್ಷ ಯಾರಿಗೂ ಒಪ್ಪಿಗೆ ಸಿಗದಂತೆ ಮಾಡಬಲ್ಲದು. ಪಂಚಾಯತು, ಪೊಲೀಸು, ಯುವಕ ಸಂಘಗಳು ಒಂದು ಮೇಜಿನ ಸುತ್ತ ಕುಳಿತು ಮಾತಾಡಲಿ. ಗಂತಿನಲ್ಲಿ ಬಿಟ್ಟ ಕೋಣಗಳನ್ನು ಹಿಡಿದು ನಿಲ್ಲಿಸಲು ಮಂಜೊಟ್ಟಿಯಲ್ಲಿ ಜನರಿದ್ದಾರೆ. ನಂದಾರಪದವಿನಿಂದ ಹೊರಟ ಕಾರನ್ನು ಕಾದಿರುವವರು ಈಗ ಮನೆಯ ಜಗಲಿಯಲ್ಲಿ ಕುಳಿತ ತಾಯಿತಂದೆಗಳು ಮಾತ್ರ.