ಅಕ್ಕಿ ಕೊಡಿ, ಫೋಟೋ ಬೇಡ

ಡಿಸೆಂಬರ್ ಬಂತೆಂದು ತಿಳಿಯಲು ಮಂಗಳೂರಿನ ದಿನಸಿ ಅಂಗಡಿಯವರು ಕ್ಯಾಲೆಂಡರ್ ನೋಡಬೇಕಾಗಿಲ್ಲ. ಮೈದಾ, ಸಕ್ಕರೆ, ಎಳ್ಳು, ತೆಂಗಿನಕಾಯಿ, ಎಣ್ಣೆ ಎಂದು ಉದ್ದದ ಚೀಟಿ ಹಿಡಿದು ಗಿರಾಕಿಗಳು ಬಂದು ನಿಂತರೆ ಸಾಕು, ಕ್ರೈಸ್ತರ ಮನೆಗಳಲ್ಲಿ ಕುಸ್ವಾರಿನ ಬಾಣಲೆ ಒಲೆಗೇರುವ ಕಾಲ ಬಂತೆಂದೇ ಲೆಕ್ಕ. ಮದುವೆ ಹಾಲ್‌ನವರಿಗೂ, ಬ್ಯಾಂಡ್ ಸೆಟ್‌ನವರಿಗೂ ಬೇರೊಂದು ಗುರುತು ಉಂಟು. ಕ್ರೈಸ್ತರ ಮದುವೆಗಳನ್ನು ಸಾಮಾನ್ಯವಾಗಿ ಕ್ರಿಸ್‌ಮಸ್ ಕಳೆದ ಮೇಲಕ್ಕೆ ಹಾಕಿರುತ್ತಾರೆ.

ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುವ ಭಾನುವಾರದಿಂದ ಹಬ್ಬದ ತನಕದ ಈ ನಾಲ್ಕು ಭಾನುವಾರಗಳ ಅವಧಿಗೆ ಆಗಮನ ಕಾಲ ಎಂದು ಹೆಸರು. ಚರ್ಚಿನಲ್ಲಿ ಪಾದ್ರಿಗಳ ಪೂಜಾವಸ್ತ್ರ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹಬ್ಬದ ಗದ್ದಲಕ್ಕೆ ಮೊದಲು ಮನಸ್ಸನ್ನು ಹದ ಮಾಡಿಕೊಳ್ಳಲಿಕ್ಕೆ, ಇಲ್ಲದವರನ್ನು ನೆನೆಯಲಿಕ್ಕೆ ಇಟ್ಟ ದಿನಗಳಿವು. ನೆನೆಯುತ್ತಾರೆ ಕೂಡ. ಈ ಜಿಲ್ಲೆಯ ಚರ್ಚುಗಳಲ್ಲಿ ಆಗಮನ ಕಾಲದಲ್ಲಿ ಹೊರಡುವ ಅಕ್ಕಿ, ಬಟ್ಟೆ, ಔಷಧಿಯ ಹಣ ಕಡಿಮೆಯದೇನಲ್ಲ. ಪಡೆಯುವವರೆಲ್ಲ ಕ್ರೈಸ್ತರೇ ಆಗಿರಬೇಕೆಂದೂ ಇಲ್ಲ.

ಕೊಡುವುದರಲ್ಲಿ ಕೊರತೆ ಇಲ್ಲ. ಕೊಡುವ ರೀತಿಯಲ್ಲಿ ಉಂಟು.

ಇತ್ತೀಚಿನ ವರ್ಷಗಳಲ್ಲಿ ಅಲ್ಲಲ್ಲಿ ಕಾಣುವ ಒಂದು ದೃಶ್ಯ ಹೀಗೆ: ಒಂದು ವೇದಿಕೆ, ಹಿಂದೆ ಫ್ಲೆಕ್ಸ್, ಐದು ಕಿಲೋದ ಒಂದು ಅಕ್ಕಿ ಚೀಲ, ಆ ಚೀಲವನ್ನು ಹಿಡಿಯಲು ಏಳು ಕೈ. ಏಳರಲ್ಲಿ ಆರು ಕೈ ಕೊಡುವವರದು. ಏಳನೆಯದು ಒಬ್ಬಳು ಮುದುಕಿಯದು. ಆಕೆ ನೆಲ ನೋಡುತ್ತಿದ್ದರೆ ಫೋಟೋದವನು "ಇಲ್ಲಿ ನೋಡಿ ಅಮ್ಮಾ" ಎನ್ನುತ್ತಾನೆ. ಸಂಜೆಯೊಳಗೆ ಆ ಮುಖ ಊರಿನವರ ಮೊಬೈಲುಗಳಲ್ಲೆಲ್ಲ ತಿರುಗಿರುತ್ತದೆ. ಮರುದಿನ ಆಕೆಯ ಮೊಮ್ಮಗ ಶಾಲೆಗೆ ಹೋಗಬೇಕು, ಸೊಸೆ ಅದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗಬೇಕು. ಐದು ಕಿಲೋ ಅಕ್ಕಿ ಒಂದು ವಾರಕ್ಕೆ ಮುಗಿಯುತ್ತದೆ. ಫೋಟೋ ಮುಗಿಯುವುದಿಲ್ಲ.

ಇದು ಕ್ರೈಸ್ತರ ಮಾತ್ರ ರೋಗ ಎಂದರೆ ಅನ್ಯಾಯವಾದೀತು. 2020ರ ಲಾಕ್‌ಡೌನಿನಲ್ಲಿ ಕಿಟ್ ಹಂಚಿದ ಎಲ್ಲ ಜಾತಿ, ಎಲ್ಲ ಪಕ್ಷ, ಎಲ್ಲ ಸಂಘದವರೂ ಇದನ್ನು ಚೆನ್ನಾಗಿ ಅಭ್ಯಾಸ ಮಾಡಿಕೊಂಡರು. ಪತ್ರಿಕೆಗಳೇನು ಕಡಿಮೆ? ಆ ಫೋಟೋಗಳನ್ನು ಮೂರು ಕಾಲಂಗೆ ಹಾಕಿದ್ದು ಪತ್ರಿಕೆಗಳೇ. ಆದರೆ ಈ ವಿಷಯದಲ್ಲಿ ಚರ್ಚಿನವರನ್ನು ಸ್ವಲ್ಪ ಗಟ್ಟಿಯಾಗಿ ಕೇಳುವುದಕ್ಕೆ ಕಾರಣ ಉಂಟು. ಗುಟ್ಟಾಗಿ ಕೊಡುವ ವಿದ್ಯೆ ಅವರ ಮನೆಯಲ್ಲೇ ಉಂಟು, ಹೊರಗಿನಿಂದ ತರಬೇಕಾಗಿಲ್ಲ.

ಆಗಮನ ಕಾಲದ ನಡುವೆ, ಡಿಸೆಂಬರ್ 6ರಂದು, ಸಂತ ನಿಕೊಲಾಸರ ಹಬ್ಬ ಬರುತ್ತದೆ. ಈಗ ಅಂಗಡಿಗಳ ಮುಂದೆ ಕೆಂಪು ಅಂಗಿ ಹಾಕಿ ಗಂಟೆ ಆಡಿಸುವ ಅಜ್ಜನ ಮೂಲಪುರುಷ ಇವರೇ. ಮೈರಾ ಎಂಬ ಊರಿನ ಬಿಷಪರು. ಇವರ ಬಗ್ಗೆ ಇರುವ ಐತಿಹ್ಯ ಪ್ರಸಿದ್ಧ. ಹೆಣ್ಣುಮಕ್ಕಳ ಮದುವೆ ಮಾಡಲಾಗದೆ ಕುಳಿತ ಒಬ್ಬ ತಂದೆಯ ಮನೆಗೆ ಅವರು ರಾತ್ರಿ ಹೊತ್ತು ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋದರಂತೆ. ಯಾಕೆ ರಾತ್ರಿ? ಯಾಕೆ ಕಿಟಕಿ? ಹಗಲಲ್ಲಿ ಬಾಗಿಲಿಗೆ ಬಂದರೆ ಆ ತಂದೆಯ ಮರ್ಯಾದೆ ಉಳಿಯುತ್ತಿರಲಿಲ್ಲ. ಕಥೆಯ ಜೀವ ಇರುವುದು ಚಿನ್ನದಲ್ಲಿ ಅಲ್ಲ, ಆ ಕಿಟಕಿಯಲ್ಲಿ.

ಕಥೆ ಬೇಡ, ಚರಿತ್ರೆ ಬೇಕೆನ್ನುವವರಿಗೆ ಅದೂ ಉಂಟು. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಜನಾಮ್ ಎಂಬ 20 ವರ್ಷದ ಕಾಲೇಜು ಹುಡುಗನಿಗೆ ಚರ್ಚಾಕೂಟದಲ್ಲಿ ಸವಾಲು ಬಿತ್ತು: ನಿಮ್ಮ ಧರ್ಮದ ದೊಡ್ಡಸ್ತಿಕೆ ಎಲ್ಲ ಹಳೇ ಕಾಲದ್ದು, ಈಗ ಬಡವರಿಗೆ ಎಂತ ಮಾಡುತ್ತಿದ್ದೀರಿ? ಹುಡುಗ ಭಾಷಣ ಮಾಡುತ್ತಾ ಕೂರಲಿಲ್ಲ. ಕೆಲವು ಗೆಳೆಯರನ್ನು ಕಟ್ಟಿಕೊಂಡು ಬಡವರ ಓಣಿಗಳಿಗೆ ಹೋಗಿ ಬಾಗಿಲು ತಟ್ಟಿದ. ರೊಸಾಲಿ ರೆಂದು ಎಂಬ ಸಿಸ್ಟರ್ ಅವರಿಗೆ ದಾರಿ ತೋರಿಸಿದರು. ಹಾಗೆ ಹುಟ್ಟಿದ್ದು ಸಂತ ವಿನ್ಸೆಂಟ್ ದಿ ಪಾವ್ಲ್ ಸೊಸೈಟಿ. ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ಉಂಟು, ಕರಾವಳಿಯ ಹಲವು ಚರ್ಚುಗಳಲ್ಲೂ ಅದರ ಘಟಕ ಉಂಟು. ಓಜನಾಮ್ 1853ರಲ್ಲಿ, 40ನೇ ವಯಸ್ಸಿಗೇ ತೀರಿಕೊಂಡರು. 1997ರಲ್ಲಿ ಪೋಪ್ ಎರಡನೇ ಜಾನ್ ಪಾವ್ಲ್ ಅವರನ್ನು ಪುನೀತರೆಂದು ಘೋಷಿಸಿದರು.

ಈ ಸೊಸೈಟಿಯ ಎರಡು ಪದ್ಧತಿ ಗಮನಿಸಬೇಕು. ಒಂದು, ಸದಸ್ಯರು ಬಡವರನ್ನು ಕರೆಸುವುದಲ್ಲ, ತಾವೇ ಇಬ್ಬಿಬ್ಬರಾಗಿ ಅವರ ಮನೆಗೆ ಹೋಗುವುದು. ಹೋದರೆ ಚಾಪೆಯ ಮೇಲೆ ಕೂರಬೇಕು, ಮಾತಾಡಬೇಕು. ಮಾಡು ಸೋರುತ್ತಿದೆಯೋ, ಮಗಳು ಶಾಲೆ ಬಿಟ್ಟಿದ್ದಾಳೋ ಎಂಬುದು ಆಗಲೇ ಕಣ್ಣಿಗೆ ಬೀಳುವುದು. ಇನ್ನೊಂದು, ಸಭೆ ಸೇರಿದಾಗ ಒಂದು ಗುಟ್ಟಿನ ಚೀಲ ತಿರುಗುತ್ತದೆ. ಪ್ರತಿಯೊಬ್ಬನೂ ಮುಷ್ಟಿ ಒಳಗಿಟ್ಟು ತೆಗೆಯುತ್ತಾನೆ. ನೂರು ಹಾಕಿದವನೂ ಒಂದೇ, ಹತ್ತು ಹಾಕಿದವನೂ ಒಂದೇ, ಏನೂ ಇಲ್ಲದೆ ಬರಿಗೈ ಹಾಕಿದವನೂ ಒಂದೇ. ಕೊಡಲಾಗದ ಸದಸ್ಯನ ಮಾನವನ್ನೂ ಕಾಪಾಡುವ ಚೀಲ ಅದು! ಅಂಥ ಚೀಲ ಇರುವಲ್ಲಿ ಫ್ಲೆಕ್ಸಿಗೆ ಏನು ಕೆಲಸ?

ಈಗ ಚರ್ಚುಗಳ ಪೀಠದ ಪಕ್ಕ ಹಸಿರು ಎಲೆಯ ಚಕ್ರದಲ್ಲಿ ನಾಲ್ಕು ಮೇಣದ ಬತ್ತಿ ಇಟ್ಟು ವಾರಕ್ಕೊಂದು ಹಚ್ಚುತ್ತಾರಷ್ಟೆ. ಅದೂ ಬಡವರ ಮನೆಯಿಂದಲೇ ಬಂದದ್ದು. 1839ರಲ್ಲಿ ಜರ್ಮನಿಯ ಹ್ಯಾಂಬುರ್ಗಿನಲ್ಲಿ ಯೋಹಾನ್ ವಿಕರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ, ತಾನು ಸಾಕುತ್ತಿದ್ದ ಬಡಮಕ್ಕಳು "ಕ್ರಿಸ್‌ಮಸ್ ಯಾವಾಗ, ಯಾವಾಗ" ಎಂದು ಪೀಡಿಸಿದ್ದಕ್ಕೆ ಗಾಡಿಯ ಹಳೇ ಚಕ್ರವೊಂದರ ಮೇಲೆ ದಿನಕ್ಕೊಂದರಂತೆ ಬತ್ತಿ ಕೂರಿಸಿ ಲೆಕ್ಕ ಕಲಿಸಿದರು. ಭಾನುವಾರಕ್ಕೆ ದೊಡ್ಡದು, ಉಳಿದ ದಿನಕ್ಕೆ ಚಿಕ್ಕದು. ಕಥೋಲಿಕರು ಅದನ್ನು ತೆಗೆದುಕೊಂಡದ್ದು ಎಷ್ಟೋ ಮೇಲೆ.

ದೂರದ ಮಾತು ಸಾಕು, ಊರಿನ ಕುಸ್ವಾರಿನ ತಟ್ಟೆಯನ್ನೇ ನೋಡಿ. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ, ರೋಸ್ ಕುಕ್ಕಿ ಜೋಡಿಸಿ, ಮೇಲೊಂದು ಬಟ್ಟೆ ಮುಚ್ಚಿ, ಪಕ್ಕದ ಶೆಟ್ಟರ ಮನೆಗೆ, ಬ್ಯಾರಿಗಳ ಮನೆಗೆ ಮಕ್ಕಳ ಕೈಯಲ್ಲಿ ಕಳಿಸುತ್ತಾರೆ. ಅದರಲ್ಲಿ ಯಾರಿಗಾದರೂ ಅವಮಾನ ಆದದ್ದುಂಟೇ? ಇಲ್ಲ. ಯಾಕೆಂದರೆ ಚೌತಿಗೆ, ಈದಿಗೆ ಆ ಮನೆಗಳಿಂದಲೂ ಬರುತ್ತದೆ. ತಟ್ಟೆ ಹೋಗುತ್ತದೆ, ತಟ್ಟೆ ಬರುತ್ತದೆ. ಬಡವನಿಗೆ ಕೊಡುವಾಗ ಮಾತ್ರ ತಟ್ಟೆ ಮಾಯವಾಗಿ ವೇದಿಕೆ ಬರುವುದು ಹೇಗೆ ಎಂಬುದೇ ಪ್ರಶ್ನೆ.

ಕಮಿಟಿಯವರ ಕಷ್ಟವೂ ಸುಳ್ಳಲ್ಲ. ದುಬೈಯಲ್ಲೋ ಮುಂಬಯಿಯಲ್ಲೋ ಕೂತು ದುಡ್ಡು ಕಳಿಸಿದವರು "ತಲುಪಿತಾ ಮಾರಾಯ್ರೆ" ಎಂದು ಕೇಳುತ್ತಾರೆ. ಫೋಟೋ ಕಳಿಸಿದರೆ ಬಾಯಿ ಮುಚ್ಚುತ್ತದೆ. ದುಡ್ಡಿನ ವಿಷಯದಲ್ಲಿ ಸಂಶಯ ಬಂದರೆ ಮುಂದಿನ ವರ್ಷ ಕೊಡುವವರೇ ಇರುವುದಿಲ್ಲ. ಒಪ್ಪಬೇಕಾದ ಮಾತು. ಆದರೆ ಲೆಕ್ಕಕ್ಕೆ ಲೆಕ್ಕಪುಸ್ತಕ ಉಂಟು. ಇಷ್ಟು ರೂಪಾಯಿ ಬಂತು, ಇಷ್ಟು ಮನೆಗೆ ಹೋಯಿತು ಎಂದು ನೋಟೀಸ್ ಬೋರ್ಡಿಗೆ ಹಾಕಲಿ. ರಶೀದಿ ತೋರಿಸಲಿ. ಹೆಸರು, ಮುಖ ಯಾಕೆ?

ಯಾರ ಮನೆಗೆ ಬೇಕು ಎಂಬುದನ್ನು ತಿಳಿಯಲೂ ಅರ್ಜಿ ಕರೆಯಬೇಕಾಗಿಲ್ಲ. ಚರ್ಚಿನ ವ್ಯಾಪ್ತಿಯನ್ನು ವಾಡೊಗಳಾಗಿ ಹಂಚಿ, ವಾಡೊಕ್ಕೊಬ್ಬ ಗುರಿಕಾರ ಇರುವುದು ಇಲ್ಲಿನ ಕಥೋಲಿಕರ ಹಳೇ ಏರ್ಪಾಡು. ಯಾರಿಗೆ ಡಯಾಲಿಸಿಸ್ ನಡೆಯುತ್ತಿದೆ, ಯಾರ ಮಗ ಕೆಲಸ ಕಳಕೊಂಡು ಊರಿಗೆ ಬಂದಿದ್ದಾನೆ ಎಂಬುದು ಗುರಿಕಾರನಿಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಅವನನ್ನು ಬದಲಾಯಿಸಬೇಕು, ಅದು ಬೇರೆ ಮಾತು.

ಇನ್ನೊಬ್ಬರಿಗೂ ಗೊತ್ತಿರುತ್ತದೆ. ಅಂಗಡಿಯವರಿಗೆ. ಯಾವ ಮನೆಯವರು ಹಾಲು ನಿಲ್ಲಿಸಿದರು, ಯಾರು ಎಣ್ಣೆಯನ್ನು ಅರ್ಧ ಲೀಟರಿಗೆ ಇಳಿಸಿದರು ಎಂಬುದು ಸಾಲದ ಪುಸ್ತಕದಲ್ಲೇ ಬರೆದಿರುತ್ತದೆ. ಕಮಿಟಿಯವರು ಸಗಟಿನಲ್ಲಿ ಕಿಟ್ ಕಟ್ಟಿಸುವ ಬದಲು ಅದೇ ದುಡ್ಡನ್ನು ವಾಡೊದ ಅಂಗಡಿಯಲ್ಲಿ ಇಡಲಿ, ಮನೆಯವರ ಕೈಗೆ ಒಂದು ಚೀಟಿ ಕೊಡಲಿ. ಆಗ ಕುಚ್ಚಲಕ್ಕಿ ಉಣ್ಣುವ ಮನೆಗೆ ಬೆಳ್ತಿಗೆ ಹೋಗುವ ಅವಾಂತರವೂ ತಪ್ಪುತ್ತದೆ. ಬೇಕಾದ್ದನ್ನು ಆರಿಸಿಕೊಳ್ಳುವ ಆ ಹೆಂಗಸು ಅಂಗಡಿಯ ಮುಂದೆ ಗಿರಾಕಿಯಾಗಿ ನಿಲ್ಲುತ್ತಾಳೆ, ಪಕ್ಕದಲ್ಲಿ ನಿಂತವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹಳೇ ಬಾಕಿಯನ್ನು ಪಾದ್ರಿಗಳು ಗುಟ್ಟಾಗಿ ತೀರಿಸಿದರೆ ಅಂಗಡಿಯವನಿಗೂ ಬೇಸರವಿಲ್ಲ. ಆದರೆ ಅವನ ಬಾಯಿ ಬಿಗಿ ಇರಬೇಕು. ಕೆಲವರಿಗೆ ಅದೇ ಕಷ್ಟ.

ಚೀಟಿ ಕೊಡುವುದಾದರೆ ಮೂರನೇ ಭಾನುವಾರದೊಳಗೆ ಕೊಡಬೇಕು. ಹಬ್ಬದ ಹಿಂದಿನ ಸಂಜೆ ಕೊಟ್ಟರೆ ಅಕ್ಕಿಗೆ ಆದೀತು, ಕುಸ್ವಾರಿಗೆ ಆಗದು. ಆ ಮನೆಯವರಿಗೂ ಹಿಟ್ಟು ಕಲಸಿ, ನೆವ್ರಿ ಕರಿದು, ಪಕ್ಕದ ಮನೆಗೆ ಒಂದು ತಟ್ಟೆ ಕಳಿಸಲು ನಾಲ್ಕು ದಿನ ಬೇಕು.