ತವರಿನ ಅಂಗಳವಿಲ್ಲದ ಫೈನಲ್

2025ರ ಜೂನ್ 14ರಂದು ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ನಗರದಲ್ಲಿ ಆಫ್ರಿಕಾ ಖಂಡದ ಕ್ಲಬ್ ಬ್ಯಾಸ್ಕೆಟ್‌ಬಾಲ್ ಕಿರೀಟ ಯಾರದೆಂದು ತೀರ್ಮಾನವಾಯಿತು. ಲಿಬಿಯಾದ ಅಲ್ ಅಹ್ಲಿ ಟ್ರಿಪೋಲಿ ತಂಡ ಅಂಗೋಲಾದ ಪೆಟ್ರೊ ದಿ ಲುವಾಂಡಾ ತಂಡವನ್ನು 88–67ರಿಂದ ಸೋಲಿಸಿತು. ಟ್ರಿಪೋಲಿ ಇರುವುದು ಖಂಡದ ಉತ್ತರದ ಅಂಚಿನಲ್ಲಿ, ಮೆಡಿಟರೇನಿಯನ್ ಕಡಲ ದಂಡೆಯಲ್ಲಿ. ಲುವಾಂಡಾ ಅಟ್ಲಾಂಟಿಕ್ ಸಾಗರದ ತೀರದಲ್ಲಿ. ಎರಡೂ ಊರುಗಳಿಗೆ ಏನೇನೂ ಸಂಬಂಧವಿಲ್ಲದ ಮೂರನೆಯ ಊರೊಂದರ ಕ್ಯಾಸಿನೊ ಸಂಕೀರ್ಣದೊಳಗಿನ ಸಭಾಂಗಣದಲ್ಲಿ ಆ ಪಂದ್ಯ ನಡೆಯಿತು.

ಅದೇ ಪ್ರಿಟೋರಿಯಾದಲ್ಲಿ ಮೂರು ವಾರಗಳ ಹಿಂದೆ, ಮೇ 24ರಂದು, ಇನ್ನೊಂದು ಫೈನಲ್ ನಡೆದಿತ್ತು. ಅದು ಆಫ್ರಿಕಾದ ಫುಟ್‌ಬಾಲ್ ಕ್ಲಬ್ಬುಗಳ ಚಾಂಪಿಯನ್ಸ್ ಲೀಗಿನದು. ಅಲ್ಲಿ ಆಡಿದ್ದು ಆ ಊರಿನದೇ ತಂಡವಾದ ಮಮೆಲೊಡಿ ಸನ್‌ಡೌನ್ಸ್, ಎದುರಿಗೆ ಈಜಿಪ್ಟಿನ ಪಿರಮಿಡ್ಸ್. ಪಂದ್ಯ ಮುಗಿಯುವ ಹೊತ್ತಿಗೆ ಪಿರಮಿಡ್ಸ್ ಗೋಲು ಹೊಡೆದು 1–1ರ ಸಮಬಲ ಮಾಡಿಕೊಂಡಿತು. ಒಂದು ವಾರದ ನಂತರ ಕೈರೋದಲ್ಲಿ, ತನ್ನ ಜನರ ಎದುರಿಗೆ, 2–1ರಿಂದ ಗೆದ್ದು ಕಪ್ ಎತ್ತಿತು. ಸೋತ ಊರೂ ಗೆದ್ದ ಊರೂ ತಮ್ಮ ತಮ್ಮ ಪಾಲಿನ ಫೈನಲನ್ನು ಕಣ್ಣಾರೆ ಕಂಡವು.

ಒಂದೇ ಖಂಡ, ಒಂದೇ ಋತು, ಫುಟ್‌ಬಾಲಿನ ಮೊದಲ ಪಂದ್ಯದ ಮಟ್ಟಿಗೆ ಒಂದೇ ಊರು ಕೂಡ. ಆದರೂ ಎರಡು ಆಟಗಳು ತಮ್ಮ ಕೊನೆಯ ಘಟ್ಟವನ್ನು ಇಷ್ಟು ಭಿನ್ನವಾಗಿ ನಡೆಸುತ್ತವೆ. ಬ್ಯಾಸ್ಕೆಟ್‌ಬಾಲ್ ಆಫ್ರಿಕಾ ಲೀಗ್ ತನ್ನ ನಾಕೌಟ್ ಹಂತವನ್ನು ಆಡುವ ತಂಡಗಳ ಊರುಗಳಿಗೆ ಮರಳಿಸಬೇಕು ಎಂಬುದು ನನ್ನ ಅಭಿಪ್ರಾಯ. ಸುಲಭದ ಕೆಲಸವಲ್ಲವೆಂದು ಬಲ್ಲೆ. ಅಡ್ಡಿಗಳ ವಿಷಯಕ್ಕೂ ಬರುತ್ತೇನೆ.

ಈ ಲೀಗಿನ ಪರಿಚಯ ನಮ್ಮಲ್ಲಿ ಹೆಚ್ಚಿನವರಿಗೆ ಇರಲಾರದು. ಅಮೆರಿಕದ ಎನ್‌ಬಿಎ ಮತ್ತು ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ ಕೂಡಿ ಕಟ್ಟಿದ ಸಂಸ್ಥೆ ಇದು. 2020ರಲ್ಲಿ ಸೆನೆಗಲ್‌ನ ಡಾಕಾರಿನಲ್ಲಿ ಆರಂಭವಾಗಬೇಕಿತ್ತು. ಕೋವಿಡ್ ಬಂದು ಒಂದು ವರ್ಷ ತಳ್ಳಿಹೋಗಿ, 2021ರ ಮೇ ತಿಂಗಳಲ್ಲಿ ರುವಾಂಡಾದ ಕಿಗಾಲಿಯಲ್ಲಿ ಶುರುವಾಯಿತು. ಹನ್ನೆರಡು ದೇಶಗಳ ಹನ್ನೆರಡು ಕ್ಲಬ್ಬುಗಳು ಗುಂಪು ಹಂತದಲ್ಲಿ ಆಡುತ್ತವೆ. ಎಂಟು ತಂಡಗಳು ನಾಕೌಟಿಗೆ ಉಳಿಯುತ್ತವೆ. ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್: ಪ್ರತಿ ಹಂತದಲ್ಲೂ ಒಂದೇ ಪಂದ್ಯ, ನಲವತ್ತು ನಿಮಿಷ, ಸೋತವರು ಗಂಟುಮೂಟೆ ಕಟ್ಟಬೇಕು.

ಆಡುವ ಕ್ಲಬ್ಬುಗಳ ಹಿನ್ನೆಲೆ ನಮಗೆ ಅಷ್ಟೇನೂ ಅಪರಿಚಿತವಲ್ಲ. ಪೆಟ್ರೊ ಅಂಗೋಲಾದ ಸರ್ಕಾರಿ ತೈಲ ಕಂಪನಿಯ ನೆರಳಿನಲ್ಲಿ ಬೆಳೆದದ್ದು. ಸೆನೆಗಲ್‌ನ ಎಎಸ್ ದುವಾನ್ ಸುಂಕದ ಇಲಾಖೆಯ ತಂಡ. ರುವಾಂಡಾದ ಎಪಿಆರ್ ಸೇನೆಯದು, ಆರ್‌ಇಜಿ ವಿದ್ಯುತ್ ಸಂಸ್ಥೆಯದು. ಕ್ಯಾಮರೂನಿನ ಎಫ್‌ಎಪಿ ಸೇನೆ ಮತ್ತು ಪೊಲೀಸರದು. ಬೆಂಗಳೂರಿನ ವಿಜಯಾ ಬ್ಯಾಂಕ್, ಚೆನ್ನೈಯ ಇಂಡಿಯನ್ ಓವರ್ಸೀಸ್ ಬ್ಯಾಂಕ್, ರೈಲ್ವೇಸ್, ಸರ್ವಿಸಸ್ ತಂಡಗಳ ಆಟ ನೋಡಿ ಬೆಳೆದವರಿಗೆ ಈ ಏರ್ಪಾಡು ಕೂಡಲೇ ಅರ್ಥವಾಗುತ್ತದೆ. ನೌಕರಿಯೂ ಆಟವೂ ಒಂದೇ ಛಾವಣಿಯಡಿ ಇದ್ದ ಆ ಕಾಲದಿಂದ ವೃತ್ತಿಪರ ಲೀಗಿನ ಕಾಲಕ್ಕೆ ಅವರು ದಾಟಿದರು, ನಾವು ದಾಟಲಿಲ್ಲ. ಅದು ಬೇರೆಯೇ ಲೇಖನದ ವಿಷಯ.

ಒಂದೇ ಪಂದ್ಯದ ನಾಕೌಟಿನ ಬಗ್ಗೆ ನನಗೆ ತಕರಾರಿಲ್ಲ. ಅದರ ಸೊಗಸು ಇರುವುದೇ ಅದರ ಕ್ರೌರ್ಯದಲ್ಲಿ. ಕೈರೋದ ಜಮಾಲೆಕ್ 2021ರಲ್ಲಿ ಒಂದೂ ಪಂದ್ಯ ಸೋಲದೆ ಮೊದಲ ಚಾಂಪಿಯನ್ ಆಯಿತು. ಫೈನಲಿನಲ್ಲಿ ಟ್ಯುನೀಷಿಯಾದ ಯುಎಸ್ ಮೊನಾಸ್ತಿರ್ ತಂಡವನ್ನು 76–63ರಿಂದ ಸೋಲಿಸಿತು. ಮರುವರ್ಷವೂ ಗುಂಪು ಹಂತದಲ್ಲಿ ಅಜೇಯವಾಗಿಯೇ ಉಳಿದು ಕಿಗಾಲಿಗೆ ಬಂತು. ಸೆಮಿಫೈನಲಿನಲ್ಲಿ ಅದೇ ಮೊನಾಸ್ತಿರ್ ಎದುರು ಸೋತಿತು. ಎರಡು ಋತುಗಳಲ್ಲಿ ಕಟ್ಟಿದ ಹೆಸರು ಒಂದು ಸಂಜೆಯಲ್ಲಿ ಕುಸಿಯಿತು. ಮೊನಾಸ್ತಿರ್ ಮುಂದೆ ಪೆಟ್ರೊ ತಂಡವನ್ನು 83–72ರಿಂದ ಮಣಿಸಿ ಕಪ್ ಗೆದ್ದಿತು. ಅದೇ ವರ್ಷದ ಕ್ವಾರ್ಟರ್ ಫೈನಲಿನಲ್ಲಿ ಆತಿಥೇಯ ಊರಿನ ಆರ್‌ಇಜಿ ತನ್ನ ಜನರೆದುರೇ ಕ್ಯಾಮರೂನಿನ ಎಫ್‌ಎಪಿಗೆ ಸೋತಿತು. ಏಳು ಪಂದ್ಯಗಳ ಸರಣಿಯಾಗಿದ್ದರೆ ಬಲಾಢ್ಯರೇ ಗೆಲ್ಲುತ್ತಿದ್ದರೇನೋ. ಒಂದೇ ಪಂದ್ಯವೆಂದರೆ ಪೊಲೀಸ್ ಪೇದೆಗೂ ಒಂದು ಸಂಜೆಯ ರಾಜ್ಯಭಾರ ಸಿಗುತ್ತದೆ.

ನನ್ನ ತಕರಾರಿರುವುದು ಆ ಸಂಜೆ ಯಾವ ಊರಿಗೆ ಸಿಗುತ್ತದೆ ಎಂಬುದರ ಬಗ್ಗೆ. ಮೊದಲ ನಾಲ್ಕು ವರ್ಷ ನಾಕೌಟ್ ಪೂರ್ತಿ ಕಿಗಾಲಿಯಲ್ಲೇ ನಡೆಯಿತು. 2019ರಲ್ಲಿ ಕಟ್ಟಿದ, ಸುಮಾರು ಹತ್ತು ಸಾವಿರ ಜನ ಹಿಡಿಸುವ ಅಲ್ಲಿನ ಒಳಾಂಗಣ ಕ್ರೀಡಾಂಗಣ ಖಂಡಕ್ಕೇ ಹೆಮ್ಮೆ ತರುವಂಥದು. ಕಿಗಾಲಿಯ ಪ್ರೇಕ್ಷಕರನ್ನು ನಾನು ಹಳಿಯಲಾರೆ. 2024ರಲ್ಲಿ ರುವಾಂಡಾದ ಎಪಿಆರ್ ಗುಂಪು ಹಂತದಲ್ಲೇ ಹೊರಬಿದ್ದಿತ್ತು. ಅಂದರೆ ತಮ್ಮದೆಂದು ಹೇಳಿಕೊಳ್ಳಲು ಒಂದೂ ತಂಡವಿಲ್ಲದ ನಾಕೌಟಿಗೆ ಆ ಊರು ಮನೆಯಾಗಿ ನಿಂತಿತು. ಪೆಟ್ರೊ ಆ ಸಲ ಬೆಂಗಾಜಿಯ ಅಲ್ ಅಹ್ಲಿಯನ್ನು 107–94ರಿಂದ ಸೋಲಿಸಿ ಕೊನೆಗೂ ಕಪ್ ಗೆದ್ದಿತು. ಈಜಿಪ್ಟ್, ಟ್ಯುನೀಷಿಯಾ ಬಿಟ್ಟು ಬೇರೆ ದೇಶಕ್ಕೆ ಕಪ್ ಹೋದದ್ದು ಅದೇ ಮೊದಲು. ಆ ಗೆಲುವನ್ನು ಲುವಾಂಡಾ ಕಂಡದ್ದು ಟೀವಿಯಲ್ಲಿ.

ಆತಿಥ್ಯಕ್ಕೂ ಒಂದು ಬೆಲೆ ಇರುತ್ತದೆ, ಆ ಬೆಲೆಯನ್ನು ಯಾವಾಗಲೂ ಆತಿಥೇಯರೇ ತೆರುವುದಿಲ್ಲ. ರುವಾಂಡಾ ಸರ್ಕಾರದ ಪ್ರವಾಸೋದ್ಯಮ ಪ್ರಚಾರ ಈ ಲೀಗಿನ ಪ್ರಾಯೋಜಕರಲ್ಲಿ ಒಂದು. ‘ವಿಸಿಟ್ ರುವಾಂಡಾ’ ಎಂಬ ಬರಹ ಎಲ್ಲ ತಂಡಗಳ ಜರ್ಸಿಯ ಮೇಲೂ ಇರಬೇಕಿತ್ತು. 2024ರ ಮಾರ್ಚಿನಲ್ಲಿ ಬುರುಂಡಿಯ ಡೈನಾಮೊ ತಂಡ ಗುಂಪು ಹಂತಕ್ಕೆ ಪ್ರಿಟೋರಿಯಾಕ್ಕೆ ಬಂದಾಗ ಬುರುಂಡಿಗೂ ರುವಾಂಡಾಕ್ಕೂ ಮಾತೇ ನಿಂತಂತಿತ್ತು. ತನ್ನ ವಿರುದ್ಧದ ಬಂಡುಕೋರರಿಗೆ ರುವಾಂಡಾ ನೆರವಾಗುತ್ತಿದೆ ಎಂದು ದೂರಿ ಬುರುಂಡಿ ಜನವರಿಯಲ್ಲಿ ಗಡಿಯನ್ನೇ ಮುಚ್ಚಿತ್ತು. ಡೈನಾಮೊ ಆಟಗಾರರು ಆ ಬರಹದ ಮೇಲೆ ಪಟ್ಟಿ ಅಂಟಿಸಿಕೊಂಡು ಅಂಕಣಕ್ಕಿಳಿದರು. ಕೇಪ್‌ಟೌನ್ ಟೈಗರ್ಸ್ ವಿರುದ್ಧ 86–73ರಿಂದ ಗೆದ್ದರು. ಮುಂದಿನ ಪಂದ್ಯಗಳಿಗೆ ಪಟ್ಟಿ ನಡೆಯದು ಎಂದಿತು ಲೀಗ್. ಆ ಬರಹ ತೊಟ್ಟು ಆಡಬೇಡಿ ಎಂದಿತು ಬುರುಂಡಿ. ಎರಡು ಪಂದ್ಯ ಆಡದೆ ಬಿಟ್ಟುಕೊಟ್ಟದ್ದಕ್ಕೆ ನಿಯಮದಂತೆ ತಂಡವನ್ನು ಹೊರಹಾಕಲಾಯಿತು.

ಅಂಕಣದಲ್ಲಿ ಡೈನಾಮೊಗೆ ಸೋತಿದ್ದ ಅದೇ ಕೇಪ್‌ಟೌನ್ ಟೈಗರ್ಸ್ ಆ ವರ್ಷ ನಾಕೌಟಿಗೆ ಬಂದು ಸೆಮಿಫೈನಲಿನವರೆಗೂ ಹೋಯಿತು. ಟೈಗರ್ಸ್ ತಂಡದ ತಪ್ಪೇನೂ ಇದರಲ್ಲಿಲ್ಲ, ಅವರು ಆಡಿದರು, ಗೆದ್ದರು. ಬುರುಂಡಿ ಸರ್ಕಾರ ತನ್ನ ಜಗಳವನ್ನು ಹನ್ನೆರಡು ಹುಡುಗರ ಎದೆಯ ಮೇಲೆ ಹೊರಿಸಿದ್ದು ತಪ್ಪು ಎಂದೂ ನಾನು ಹೇಳಬಲ್ಲೆ. ಆದರೆ ಆ ಜಗಳಕ್ಕೆ ಬಟ್ಟೆಯ ಮೇಲೆ ಜಾಗ ಮಾಡಿಕೊಟ್ಟವರು ಯಾರು? ಒಂದು ದೇಶದ ಸರ್ಕಾರ ಲೀಗಿನ ಮನೆಯೂ ಆಗಿ, ಹಣದ ಥೈಲಿಯೂ ಆಗಿ, ಎಲ್ಲರ ಜರ್ಸಿಯ ಬರಹವೂ ಆದಾಗ, ಅದರ ನೆರೆಯವರಿಗೆ ಆ ಅಂಗಳ ತಟಸ್ಥವಾಗಿ ಉಳಿಯುವುದಿಲ್ಲ. ನಾಕೌಟಿಗೆ ಹೋಗುವ ಎಂಟರಲ್ಲಿ ಡೈನಾಮೊ ಇರುತ್ತಿತ್ತೋ ಇಲ್ಲವೋ, ಅದನ್ನು ತೀರ್ಮಾನಿಸಬೇಕಾದದ್ದು ಚೆಂಡು.

ಅಡ್ಡಿಗಳ ಮಾತಿಗೆ ಬರೋಣ. ಅವುಗಳಲ್ಲಿ ದೊಡ್ಡದು ಸ್ವತಃ 2025ರ ಚಾಂಪಿಯನ್ ತಂಡದ ಕಥೆಯಲ್ಲೇ ಇದೆ. ಆ ವರ್ಷ ಮೇ ತಿಂಗಳ ನಡುವೆ ಟ್ರಿಪೋಲಿಯಲ್ಲಿ ಸಶಸ್ತ್ರ ಪಡೆಗಳ ನಡುವೆ ಬೀದಿ ಕಾಳಗ ನಡೆಯಿತು. ಅದಾದ ಕೆಲವೇ ದಿನಗಳಲ್ಲಿ ಅಲ್ ಅಹ್ಲಿ ಕಿಗಾಲಿಯಲ್ಲಿ ಗುಂಪು ಹಂತದ ಪಂದ್ಯಗಳನ್ನು ಆಡಿತು. ಅಲ್ಲಿಂದ ಪ್ರಿಟೋರಿಯಾಕ್ಕೆ ಹೋಗಿ ಕಪ್ ಗೆದ್ದಿತು. ತವರಿನಲ್ಲೇ ಆಡಬೇಕೆಂಬ ನಿಯಮವಿದ್ದಿದ್ದರೆ ಆ ತಂಡದ ಗತಿ ಏನಾಗುತ್ತಿತ್ತು? ಪರಊರಿನ ಅಂಗಳ ಅವರ ಪಾಲಿಗೆ ಆಸರೆಯಾಯಿತು ಎಂಬುದನ್ನು ಒಪ್ಪಲೇಬೇಕು. ಇದನ್ನು ನೆನೆದಾಗಲೆಲ್ಲ ನನ್ನ ವಾದದ ಬಿಗಿ ಸ್ವಲ್ಪ ಸಡಿಲವಾಗುತ್ತದೆ.

ಇನ್ನು ಖರ್ಚು. ಆಫ್ರಿಕಾದ ಒಂದು ರಾಜಧಾನಿಯಿಂದ ಇನ್ನೊಂದಕ್ಕೆ ನೇರ ವಿಮಾನ ಸಿಗುವುದೇ ಕಷ್ಟ, ಸಿಕ್ಕರೂ ದುಬಾರಿ. ವೀಸಾದ ತೊಡಕು ಬೇರೆ. ಟೀವಿ ಪ್ರಸಾರಕ್ಕೆ ತಕ್ಕ ಒಳಾಂಗಣ ಎಲ್ಲ ಊರುಗಳಲ್ಲೂ ಇಲ್ಲ. ಒಂದೇ ಊರಿನಲ್ಲಿ ವಾರವೊಂದರಲ್ಲಿ ಮುಗಿಸಿದರೆ ಲೆಕ್ಕ ಹಗುರ. ಇದನ್ನೂ ಒಪ್ಪೋಣ. ಆದರೆ ಇದೇ ವಿಮಾನ, ಇದೇ ವೀಸಾಗಳ ನಡುವೆ ಫುಟ್‌ಬಾಲ್ ಕ್ಲಬ್ಬುಗಳು ಕ್ವಾರ್ಟರ್ ಫೈನಲಿನಿಂದ ಫೈನಲಿನವರೆಗೆ ತವರಿನಲ್ಲೊಂದು, ಪರಊರಿನಲ್ಲೊಂದು ಎಂದು ಆಡುತ್ತಿವೆ. ತಮ್ಮ ಊರಿನಲ್ಲಿ ಆಡಲಾಗದ ಕ್ಲಬ್ಬುಗಳಿಗೆ ಬೇರೆ ಊರನ್ನು ಆರಿಸಿಕೊಳ್ಳುವ ಅವಕಾಶ ಅಲ್ಲಿದೆ. ಟ್ರಿಪೋಲಿಯಂಥ ತಂಡಕ್ಕೆ ಇಲ್ಲೂ ಕೊಡಬಹುದು. ಫೈನಲನ್ನು ಬೇಕಾದರೆ ಕಿಗಾಲಿಗೋ ಪ್ರಿಟೋರಿಯಾಕ್ಕೋ ಕೊಡಲಿ. ಯುರೋಪಿನವರೇ 2025ರಲ್ಲಿ ತಮ್ಮ ಯುರೋಲೀಗಿನ ಕೊನೆಯ ನಾಲ್ವರ ಹಂತವನ್ನು ಅಬುಧಾಬಿಗೆ ಒಯ್ದರು. ಹಣದ ಎಳೆತ ಎಲ್ಲರಿಗೂ ಒಂದೇ. ಆದರೆ ಅಬುಧಾಬಿಗೆ ಹೋಗುವ ಮುಂಚೆ ಆ ನಾಲ್ಕೂ ತಂಡಗಳು ಅಕ್ಟೋಬರಿನಿಂದ ಹಲವು ದೇಶಗಳ ಅಂಗಳಗಳಲ್ಲಿ ಆಡುತ್ತ ಬಂದಿದ್ದವು.

ವ್ಯತ್ಯಾಸ ಇರುವುದು ಇಲ್ಲಿಯೇ. ನಮ್ಮ ಅನುಭವದಿಂದಲೇ ನೋಡಿ. 2025ರ ಜೂನ್ 3ರ ರಾತ್ರಿ ಮುಂಬಯಿ, ಪುಣೆ, ದೆಹಲಿಯ ಕನ್ನಡದ ಮನೆಗಳಲ್ಲಿ ಯಾರೂ ನಿದ್ದೆ ಮಾಡಿರಲಾರರು. ಹದಿನೆಂಟು ವರ್ಷ ಕಾದ ಬೆಂಗಳೂರು ತಂಡ ಐಪಿಎಲ್ ಕಪ್ ಗೆದ್ದದ್ದು ಅಹಮದಾಬಾದಿನಲ್ಲಿ. ತಂಡದಲ್ಲಿ ಕನ್ನಡಿಗರು ಬೆರಳೆಣಿಕೆಯಷ್ಟು. ಆದರೂ ಅದು ‘ನಮ್ಮದು’ ಆದದ್ದು ಹೇಗೆ? ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವರ್ಷ ವರ್ಷವೂ ಜನ ಅದರೊಡನೆ ಸೋತದ್ದರಿಂದ. ತವರಿನಲ್ಲಿ ಅಷ್ಟು ಸಂಜೆಗಳನ್ನು ಕಳೆದ ತಂಡಕ್ಕೆ ಫೈನಲ್ ಎಲ್ಲಿ ನಡೆದರೂ ನಡೆಯುತ್ತದೆ. ಆಫ್ರಿಕಾದ ಲೀಗಿನಲ್ಲಿ 2025ರಲ್ಲಿ ಗುಂಪು ಹಂತವೂ ಮೂರು ಊರುಗಳಲ್ಲೇ ಮುಗಿದುಹೋಯಿತು. ಆ ಮೂರು ಊರುಗಳ ತಂಡಗಳನ್ನು ಬಿಟ್ಟರೆ ಉಳಿದವು ಇಡೀ ಲೀಗನ್ನು ಪರಊರಿನಲ್ಲೇ ಆಡಿ ಮುಗಿಸಿದವು.

ವಿಚಿತ್ರವೆಂದರೆ ಊರಿನ ನಂಟಿನ ವಿಷಯದಲ್ಲಿ ಈ ಲೀಗಿನ ನಿಯಮ ಐಪಿಎಲ್‌ಗಿಂತ ಎಷ್ಟೋ ಬಿಗಿ. ಆರಂಭದ ನಿಯಮದಂತೆ ಹನ್ನೆರಡು ಆಟಗಾರರಲ್ಲಿ ಎಂಟು ಮಂದಿಯಾದರೂ ಆ ದೇಶದವರೇ ಇರಬೇಕು. ಉಳಿದ ನಾಲ್ವರಲ್ಲಿ ಆಫ್ರಿಕಾದ ಹೊರಗಿನವರು ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ಇದಕ್ಕೆ ಜೊತೆಯಾಗಿ ಸೆನೆಗಲ್‌ನಲ್ಲಿರುವ ಎನ್‌ಬಿಎ ಅಕಾಡೆಮಿಯ ಹುಡುಗರನ್ನು ತಂಡಕ್ಕೊಬ್ಬರಂತೆ ಹಂಚುವ ಯೋಜನೆಯೂ ಇದೆ. ಖಮಾನ್ ಮಲುವಾಚ್ ಎಂಬ ಹುಡುಗ ಹಾಗೆ ಬಂದವನು. ದಕ್ಷಿಣ ಸುಡಾನಿನಲ್ಲಿ ಹುಟ್ಟಿ ಉಗಾಂಡಾದಲ್ಲಿ ಬೆಳೆದವನು. 2022ರಲ್ಲಿ ಜೂಬಾದ ತಂಡಕ್ಕೆ, 2023ರಲ್ಲಿ ಡಾಕಾರಿನ ತಂಡಕ್ಕೆ, 2024ರಲ್ಲಿ ಕಂಪಾಲಾದ ತಂಡಕ್ಕೆ ಆಡಿದ. 2025ರಲ್ಲಿ ಎನ್‌ಬಿಎ ಆಯ್ಕೆಯಲ್ಲಿ ಹತ್ತನೆಯವನಾಗಿ ಅಮೆರಿಕದ ತಂಡ ಸೇರಿದ. ಲೀಗಿಗೆ ಇದು ಹೆಮ್ಮೆಯ ಸಂಗತಿ, ಆಗಲೇಬೇಕು. ಆದರೂ ಕಂಪಾಲಾದಲ್ಲಿ ಬೆಳೆದ ಹುಡುಗ ಕಂಪಾಲಾದ ತಂಡಕ್ಕೆ ಆಡಿದ ಋತುವಿನಲ್ಲೂ ಲೀಗಿನ ಒಂದೇ ಒಂದು ಪಂದ್ಯ ಕಂಪಾಲಾದಲ್ಲಿ ನಡೆಯಲಿಲ್ಲ. ಅವನ ಕೇರಿಯ ಮಕ್ಕಳಿಗೆ ಅವನನ್ನು ಕಣ್ಣೆದುರು ನೋಡುವ ಭಾಗ್ಯ ಆ ಲೀಗಿನಿಂದ ಸಿಗಲಿಲ್ಲ.

ಪೆಟ್ರೊ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮೊದಲ ಐದೂ ಋತುಗಳಲ್ಲಿ ಕೊನೆಯ ನಾಲ್ವರಲ್ಲಿ ಉಳಿದ ತಂಡ ಅದೊಂದೇ: ಮೂರನೆಯ ಸ್ಥಾನ, ಎರಡನೆಯದು, ನಾಲ್ಕನೆಯದು, ಚಾಂಪಿಯನ್, ಮತ್ತೆ ಎರಡನೆಯದು. ಆ ಐದು ಋತುಗಳ ಒಂದು ಪಂದ್ಯವೂ ಲುವಾಂಡಾದಲ್ಲಿ ನಡೆಯಲಿಲ್ಲ. ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದ ಊರಲ್ಲ ಅದು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಜೋರ್ಡಾನ್, ಮ್ಯಾಜಿಕ್ ಜಾನ್ಸನ್‌ರ ಅಮೆರಿಕ ತಂಡ ಮೊದಲ ಪಂದ್ಯದಲ್ಲಿ 116–48ರಿಂದ ಚಚ್ಚಿಹಾಕಿದ್ದು ಅಂಗೋಲಾವನ್ನೇ. ಅದೇ ಅಂಗೋಲಾ ಅದೇ ಕೂಟದಲ್ಲಿ ಆತಿಥೇಯ ಸ್ಪೇನನ್ನು ಇಪ್ಪತ್ತು ಅಂಕಗಳಿಂದ ಸೋಲಿಸಿತು. ಅಂಗಳವೂ ಇಲ್ಲದ ಊರಲ್ಲ. ಕಿಲಾಂಬಾ ಬಡಾವಣೆಯಲ್ಲಿ 2013ರಲ್ಲಿ ಕಟ್ಟಿದ, ಹನ್ನೆರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಒಳಾಂಗಣ ಅಲ್ಲಿದೆ.

ಪ್ರಿಟೋರಿಯಾದಲ್ಲಿ ಸೋತ ಎರಡು ತಿಂಗಳ ನಂತರ, 2025ರ ಆಗಸ್ಟ್ 24ರಂದು, ರಾಷ್ಟ್ರೀಯ ತಂಡಗಳ ಆಫ್ರೊಬ್ಯಾಸ್ಕೆಟ್ ಫೈನಲ್ ಲುವಾಂಡಾದಲ್ಲಿ ನಡೆಯಿತು. ಅಂಗೋಲಾ ಮಾಲಿಯನ್ನು 70–43ರಿಂದ ಸೋಲಿಸಿತು, ಹನ್ನೆರಡು ವರ್ಷಗಳ ನಂತರ ಮತ್ತೆ ಖಂಡದ ಚಾಂಪಿಯನ್ ಆಯಿತು. ಕೂಟದ ಶ್ರೇಷ್ಠ ಆಟಗಾರನೆನಿಸಿದವನು ಶಿಲ್ದೆ ದುಂಡಾವ್. ಎದುರಾಳಿಗಳ ಎದೆಮಟ್ಟಕ್ಕೆ ಬರುವ ಗಿಡ್ಡ ಹುಡುಗ, ಆ ಋತುವಿನಲ್ಲಿ ಆಡಿದ್ದು ಪೆಟ್ರೊ ಕ್ಲಬ್ಬಿಗೆ. ಆ ರಾತ್ರಿ ಅವನ ಕೈಗೆ ಚೆಂಡು ಬಂದಾಗಲೆಲ್ಲ ಕೂಗಿದವರು ಅವನ ಊರಿನವರೇ.